ಗಿಡ್ಡ ಮಾತಿನವಳ ಇಂಗ್ಲಿಷ್ ಪರೀಕ್ಷೆ

ನನ್ನ ಹೆಂಡತಿ ಮಾತಾಡುವುದು ಕಡಿಮೆ ಎಂದರೆ ತಪ್ಪಾಗುತ್ತದೆ. ರಾತ್ರಿಯಿಡೀ ಮಾತಾಡುವುದೇ ಅವಳ ಉದ್ಯೋಗವಾಗಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಆ ಕಡೆಯಿಂದ ಒಂದು ದನಿ ಕೇಳುತ್ತದಲ್ಲ, ಆ ದನಿ ಅವಳದು. ಅಲ್ಲಿ ಅವಳಿಗೆ ಕಲಿಸಿದ್ದು ಒಂದು ಉಸಿರಿಗೆ ಒಂದೇ ವಿಷಯ. "ಬಾಗಿಲು ತೆಗೀರಿ. ದೀಪ ಹಾಕಿ. ಉಸಿರಾಡ್ತಿದಾರಾ ನೋಡಿ." ಗಾಬರಿಯಾದವರ ತಲೆಯಲ್ಲಿ ಒಂದು ಹೊತ್ತಿಗೆ ಒಂದೇ ಮಾತು ನಿಲ್ಲುತ್ತದಂತೆ. ಸರಿ, ನಿಲ್ಲಲಿ. ಆದರೆ ನಾನೇನು ಗಾಬರಿಯಾದವನೇ? ಮನೆಗೆ ಬಂದ ಮೇಲೂ ಅದೇ ಧಾಟಿ. "ಹಾಲು ಒಡೆದಿದೆ. ಚಹಾ ಇಲ್ಲ. ಮಲಗ್ತೀನಿ."

ನಾನು ಅವಳಿಗೆ 'ತಂತಿ' ಎಂದು ಹೆಸರಿಟ್ಟಿದ್ದೆ. ಹಿಂದೆ ಅಂಚೆ ಕಚೇರಿಯಿಂದ ಬರುತ್ತಿದ್ದ ತಂತಿಯಲ್ಲೂ ಹೀಗೇ ಪದಗಳನ್ನು ಉಳಿಸಿ ಉಳಿಸಿ ಬರೆಯುತ್ತಿದ್ದರು. ಅವಳು ನನ್ನನ್ನು 'ರೇಡಿಯೋ' ಎನ್ನುತ್ತಿದ್ದಳು. ನನ್ನದು ಕ್ಷೌರದಂಗಡಿ. ಕತ್ತರಿ ಆಡುವಷ್ಟು ಹೊತ್ತೂ ಬಾಯಿ ಆಡುತ್ತಿರಬೇಕು, ಇಲ್ಲದಿದ್ದರೆ ಗಿರಾಕಿ ತೂಕಡಿಸಿ ತಲೆ ವಾಲಿಸುತ್ತಾನೆ, ಕಿವಿಗೆ ಅಪಾಯ. ಇದನ್ನು ಎಷ್ಟು ಸಲ ಹೇಳಿದರೂ ಅವಳು ನಂಬುತ್ತಿರಲಿಲ್ಲ.

ನಮ್ಮದು ಮೆಟ್ಟಿಲ ಮೇಲಿನ ಸಂಸಾರ. ನಾನು ಅಂಗಡಿ ಮುಚ್ಚಿ ಮನೆಗೆ ಹತ್ತುವಾಗ ಅವಳು ಕೆಲಸಕ್ಕೆ ಇಳಿಯುತ್ತಿದ್ದಳು. ಬೆಳಗ್ಗೆ ಅವಳು ಹತ್ತುವಾಗ ನಾನು ಇಳಿಯುತ್ತಿದ್ದೆ. ಮೆಟ್ಟಿಲು ತಿರುಗುವ ಕಡೆ ಒಂದು ಸಣ್ಣ ಕಟ್ಟೆಯಿದೆ, ಅಲ್ಲಿ ನಮ್ಮ ಭೇಟಿ. ಆಸುಪಾಸಿನವರು ನಮ್ಮಿಬ್ಬರನ್ನು ಒಟ್ಟಿಗೆ ನೋಡಿದ್ದು ಅಲ್ಲಿ ಮಾತ್ರ. ಕೆಲಸಕ್ಕೆ ಇಳಿಯುವಾಗ ಅವಳು ತಪ್ಪದೆ ಒಂದು ಮಾತು ಹೇಳುತ್ತಿದ್ದಳು: "ಕೋಪ ಇಲ್ಲ." ಜಗಳವೇ ಆಗದ ದಿನವೂ "ಕೋಪ ಇಲ್ಲ." ಮದುವೆಯಾದ ಹೊಸತರಲ್ಲಿ ಈ ಅಭ್ಯಾಸ ಇರಲಿಲ್ಲ, ನಡುವೆ ಎಲ್ಲಿಂದಲೋ ಅಂಟಿಕೊಂಡಿತು. "ಯಾರ ಮೇಲೆ? ಯಾಕೆ?" ಎಂದು ಕೇಳುವಷ್ಟರಲ್ಲಿ ಅವಳ ಚಪ್ಪಲಿಯ ಸದ್ದು ಕೆಳಗಿನ ಗೇಟು ತಲುಪಿರುತ್ತಿತ್ತು.

ಹೀಗಿರುವಾಗ ಅವಳ ಆಫೀಸಿನಲ್ಲಿ ಹಗಲು ಹೊತ್ತಿನ ಹುದ್ದೆಯೊಂದು ಖಾಲಿಯಾಗುವ ಸುದ್ದಿ ಬಂತು. ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುವ ಹುದ್ದೆ. ಅದರಲ್ಲಿದ್ದ ಹಿರಿಯಾಕೆ ನಿವೃತ್ತಿಯಾಗುವವರಿದ್ದರು. ಅದು ಇವಳಿಗೇ ಸಿಗಬೇಕು ಎಂದು ಮೇಲಿನವರೂ ಒಪ್ಪಿದ್ದರು. ಆದರೆ ಪಾಠದ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ, ಕಲಿಯಲು ಬರುವವರು ನಾನಾ ಭಾಷೆಯವರು. ಅದಕ್ಕೇ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕೆಂಬ ನಿಯಮ. ಅವಳು ಬರೆಯುವುದರಲ್ಲಿ, ಓದುವುದರಲ್ಲಿ ಪಾಸಾದಳು. ಮಾತಿನಲ್ಲಿ ಹೋಯಿತು.

ಹೇಗೆ ಹೋಯಿತು ಎಂದರೆ, ಎದುರಿಗೆ ಕೂತವರು "ಎಲ್ಲಿ ವಾಸ ನಿಮ್ಮದು?" ಎಂದು ಕೇಳಿದ್ದಾರೆ. ಇವಳು ಬಾಗಿಲ ಸಂಖ್ಯೆ, ಮಹಡಿ, ಹತ್ತಿರದ ಗುರುತು, ಲಿಫ್ಟ್ ಕೆಟ್ಟಿದೆ ಎಂಬುದು, ಎಲ್ಲ ಬಿಡಿಬಿಡಿಯಾಗಿ ಹೇಳಿ, ಆಫೀಸಿನ ಪದ್ಧತಿಯಂತೆ ಅವರು ತಿರುಗಿ ಒಪ್ಪಿಸಲಿ ಎಂದು ಕಾದಿದ್ದಾಳೆ. ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದರೆ "ನಿದ್ದೆ" ಎಂದಿದ್ದಾಳೆ. ಪರೀಕ್ಷೆ ಮುಗಿಯಿತು, ಧನ್ಯವಾದ ಎಂದರೂ ಎದ್ದಿಲ್ಲ. ಫೋನ್ ಮಾಡಿದವರು ಇಡುವ ತನಕ ಇವರು ಇಡುವಂತಿಲ್ಲವಲ್ಲ! ಆ ಪುಣ್ಯಾತ್ಮನೂ ಸಂಕೋಚದ ಪ್ರಾಣಿ. ಇಬ್ಬರೂ ಮುಖ ಮುಖ ನೋಡಿಕೊಂಡು ಕೂತರಂತೆ. ನಾನು ನಕ್ಕು ನಕ್ಕು ಸುಸ್ತಾದೆ. ಅವಳು ನಗಲಿಲ್ಲ. ಆಗ ನನಗೂ ನಗು ನಿಂತಿತು.

ಹಿರಿಯಾಕೆ ನಿವೃತ್ತಿಯಾಗುವುದರೊಳಗೆ ಇನ್ನೊಂದು ಸಲ ಪರೀಕ್ಷೆಗೆ ಕೂರಬಹುದಿತ್ತು. ಅದೂ ಹೋದರೆ ಹುದ್ದೆ ಬೇರೆಯವರಿಗೆ, ನಮಗೆ ಮತ್ತದೇ ಮೆಟ್ಟಿಲು.

ಚಪ್ಪಲಿ ಅಂಗಡಿಯ ಮೇಲೆ ಇಂಗ್ಲಿಷ್ ಪಾಠ ಹೇಳುವ ಮೇಷ್ಟ್ರೊಬ್ಬರಿದ್ದಾರೆ. ಪ್ರತಿ ಇಂಗ್ಲಿಷ್ ವಾಕ್ಯವನ್ನೂ 'ಆಲ್ದೋ' ಎಂದೇ ಶುರು ಮಾಡುವುದರಿಂದ ಅವರನ್ನು ಎಲ್ಲರೂ ಆಲ್ದೋ ಮೇಷ್ಟ್ರು ಎನ್ನುತ್ತಾರೆ. 'ಹಾಗಿದ್ದರೂ' ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಅದಂತೆ. ನನ್ನ ಖಾಯಂ ಗಿರಾಕಿ, ಒಳ್ಳೆಯ ಮನುಷ್ಯ. ಇವಳನ್ನು ಅವರ ಪಾಠಕ್ಕೆ ಸೇರಿಸಿದೆ. ಅವರು ಇವಳ ಮಾತು ಕೇಳಿ ಹೇಳಿದರು: "ನಿಮ್ಮ ಇಂಗ್ಲಿಷ್‌ನಲ್ಲಿ ತಪ್ಪೇ ಇಲ್ಲಮ್ಮ. ಆದ್ರೆ ಒಂದು ಮಾತಿಗೂ ಇನ್ನೊಂದಕ್ಕೂ ನಂಟೇ ಇಲ್ಲ. ಯಾಕೆ ಆಯ್ತು, ಯಾವಾಗ ಆಯ್ತು, ಆಗದಿದ್ರೆ ಏನಾಗ್ತಿತ್ತು, ಇದನ್ನೆಲ್ಲ ಒಂದೇ ವಾಕ್ಯದಲ್ಲಿ ಪೋಣಿಸಿ ಹೇಳಿದ್ರೆ ನಂಬರ್ ಬರುತ್ತೆ." ಹೇಳಿ, ತಾವೇ ಪೋಣಿಸಿದ ಉದ್ದುದ್ದ ವಾಕ್ಯಗಳನ್ನು ಬಾಯಿಪಾಠಕ್ಕೆ ಕೊಟ್ಟರು. ಇವಳು ಶ್ರದ್ಧೆಯಿಂದ ಉರುಹೊಡೆದಳು.

ಒಂದು ಭಾನುವಾರ ಅಣಕು ಪರೀಕ್ಷೆ. ಮನೆಯವರೂ ಬಂದು ಕೂರಬಹುದು ಎಂದಿದ್ದರಿಂದ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ನಿಮ್ಮ ಕುಟುಂಬದ ಬಗ್ಗೆ ಹೇಳಿ ಎಂದರು ಮೇಷ್ಟ್ರು. ನನ್ನ ಹೆಂಡತಿ ನೆಟ್ಟಗೆ ನಿಂತು, ಗೋಡೆ ನೋಡುತ್ತ, ಇಂಗ್ಲಿಷಿನಲ್ಲಿ ಹೇಳಿದ್ದರ ಅರ್ಥ ಇಷ್ಟು: ನನ್ನ ಗಂಡ ಮಿತಭಾಷಿಯಾಗಿದ್ದರೂ, ಅವರು ಆಡುವ ಒಂದೊಂದು ಮಾತೂ ತೂಕದ್ದಾಗಿರುವುದರಿಂದ, ಬಂಧುಬಳಗದವರೆಲ್ಲ ಅವರ ಸಲಹೆಗಾಗಿ ಕಾಯುತ್ತಾರೆ.

ಕೊಠಡಿಯಲ್ಲಿ ಅರ್ಧದಷ್ಟು ತಲೆಗಳು ನನ್ನ ಕತ್ತರಿಯ ಕೆಳಗೆ ಹಾದುಹೋದವೇ. ಮೊದಲು ಒಬ್ಬ ಕಿಸಕ್ಕೆಂದ, ಆಮೇಲೆ ಇಡೀ ಕೊಠಡಿ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನೂ ನಕ್ಕೆ. ಹೆಂಡತಿಯ ಮುಖ ಮಾತ್ರ ಬಿಳಿಚಿಕೊಂಡಿತು.

ಕೆಳಗೆ ಬೀದಿಗಿಳಿದ ಮೇಲೆ ಹೇಳಿದಳು: "ಬಿಟ್ಟೆ."

"ಏನನ್ನ ಬಿಟ್ಟೆ?"

"ಪರೀಕ್ಷೆ. ಸುಳ್ಳು ಬರಲ್ಲ ನನಗೆ."

ನನಗೆ ಮೈಯೆಲ್ಲ ಉರಿಯಿತು. "ಬಿಟ್ಟೆ ಅನ್ನೋದನ್ನೂ ಒಂದೇ ಪದದಲ್ಲಿ ಮುಗಿಸ್ತೀಯಲ್ಲೇ! ನನ್ನನ್ನ ಒಂದು ಮಾತು ಕೇಳಿದ್ಯಾ? ಸಂಜೆ ಆದ್ರೆ ಆ ಮನೆಗೆ ಹೋಗೋಕೇ ಬೇಜಾರು ನನಗೆ. ಒಬ್ಬನೇ ಬಡಿಸ್ಕೊಂಡು ಒಬ್ಬನೇ ತಿಂದು ಗೋಡೆ ಜೊತೆ ಮಾತಾಡ್ತೀನಿ. ನೀನು ಬೇಕು ಕಣೆ ನನಗೆ, ಅಷ್ಟೇ." ಚಪ್ಪಲಿ ಅಂಗಡಿಯವನು ತಲೆಯೆತ್ತಿ ನೋಡಿದ. ನೋಡಲಿ ಎಂದುಕೊಂಡೆ. ಸ್ವಲ್ಪ ದೂರ ನಡೆದ ಮೇಲೆ ಅವಳು ನನ್ನ ತೋಳು ಹಿಡಿದುಕೊಂಡಳು. ರಸ್ತೆಯಲ್ಲಿ ಹಾಗೆ ಹಿಡಿಯುವವಳಲ್ಲ ಅವಳು.

ಮರುದಿನ ಮಧ್ಯಾಹ್ನ ಅಂಗಡಿಗೆ ರಜೆ. "ಬಾ, ನಿನ್ನ ಕೂದಲು ಕತ್ತರಿಸಿ ತಿಂಗಳುಗಳೇ ಆದವು" ಎಂದು ಕರೆದುಕೊಂಡು ಹೋಗಿ, ಷಟರ್ ಅರ್ಧ ಎಳೆದು, ಕುರ್ಚಿಯಲ್ಲಿ ಕೂರಿಸಿ ಬಟ್ಟೆ ಹೊದಿಸಿದೆ. ನನ್ನ ಕಸುಬಿನಲ್ಲಿ ನಾನು ಕಂಡುಕೊಂಡ ಒಂದು ವಿಷಯವಿದೆ. ಮನುಷ್ಯರು ಮುಖ ಕೊಟ್ಟು ಹೇಳಲಾಗದ್ದನ್ನು ಕನ್ನಡಿಗೆ ಹೇಳುತ್ತಾರೆ. ಹಿಂದೆ ನಿಂತವನು ಕೆಲಸದಲ್ಲಿ ಮುಳುಗಿದಂತೆ ಕಾಣಬೇಕು, ಅಷ್ಟೇ.

"ನಿನ್ನ ಕೆಲಸದಲ್ಲಿ ಮರೆಯೋಕಾಗದ ಒಂದು ಫೋನ್ ಬಗ್ಗೆ ಹೇಳು. ಕನ್ನಡದಲ್ಲೇ ಹೇಳು" ಎಂದೆ.

"ಫೋನ್ ಬಂತು. ಹೆಂಗಸು ಬಿದ್ದಿದ್ರು. ವಿಳಾಸ ಕೇಳ್ದೆ. ಗಾಡಿ ಕಳಿಸ್ದೆ."

"ಆಮೇಲೆ?"

"ಆಮೇಲೆ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ನಮ್ಮ ಕೆಲಸದಲ್ಲಿ ಆಮೇಲೆ ಅನ್ನೋದು ಇರಲ್ಲ. ವಿಚಾರಿಸಬಾರದು. ಮುಂದಿನ ಫೋನ್ ಎತ್ತಬೇಕು."

ನಾನು ಬಾಚಣಿಗೆಯಲ್ಲಿ ಕೂದಲು ಎತ್ತಿ ತುದಿ ಕತ್ತರಿಸಿದೆ. ಇಷ್ಟು ವರ್ಷ ಇದು ನನಗೆ ಹೊಳೆದಿರಲಿಲ್ಲ. ಇವಳು ಮಾತನ್ನು ಜಿಪುಣತನದಿಂದ ತುಂಡರಿಸುತ್ತಾಳೆ ಎಂದುಕೊಂಡಿದ್ದೆ. ಅವಳ ಕೈಗೆ ಸಿಗುತ್ತಿದ್ದುದೇ ತುಂಡು. ಕೊನೆಯಿಲ್ಲದ ಕಥೆಗಳನ್ನು ಹೊತ್ತುಕೊಂಡು ದಿನಾ ಬೆಳಗ್ಗೆ ಮೆಟ್ಟಿಲು ಹತ್ತುತ್ತಿದ್ದಳು. ನಾನು ಹಾಲು ಒಡೆದದ್ದಕ್ಕೆ ತಮಾಷೆ ಮಾಡುತ್ತಿದ್ದೆ.

"ಯಾರು ಫೋನ್ ಮಾಡಿದ್ದು?" ಎಂದೆ, ಮೆಲ್ಲಗೆ.

"ಗಂಡ. ವಯಸ್ಸಾದವರು." ಕತ್ತರಿ ಕಿವಿಯ ಹತ್ತಿರ ಬಂತು. ಆಮೇಲೆ ಅವಳು ಕನ್ನಡಿಯನ್ನು ನೋಡುತ್ತ ಶುರು ಮಾಡಿದಳು. "ಗಾಡಿ ಬರೋವರೆಗೂ ಎದೆ ಒತ್ತೋದು ಹೇಗೆ ಅಂತ ನಾನು ಹೇಳಿಕೊಡ್ತಿದ್ದಾಗ ಅವರು ಅಳ್ತಾ ಅಳ್ತಾ, 'ಬೆಳಗ್ಗೆಯಿಂದ ಕೋಪ ಮಾಡ್ಕೊಂಡು ಮಾತು ಬಿಟ್ಟಿದ್ಳು, ಆ ಕೋಪ ಹಾಗೇ ಉಳಿದುಬಿಡುತ್ತಾ ಮೇಡಂ' ಅಂತ ಕೇಳಿದ್ರು, ನನಗೆ ಸಮಾಧಾನ ಹೇಳಬೇಕು ಅನ್ನಿಸಿದ್ರೂ ಹೇಳಲಿಲ್ಲ, ಯಾಕಂದ್ರೆ ಹೇಳಿದ್ರೆ ಅವರ ಕೈ ನಿಂತುಬಿಡುತ್ತೆ ಅಂತ ಭಯ, ಅದಕ್ಕೇ 'ಒತ್ತಿ, ಒತ್ತಿ' ಅಂತ ಮಾತ್ರ ಅಂದೆ, ಗಾಡಿ ಬಂದಾಗ ಅವರು ಫೋನ್ ಕೆಳಗೇ ಬಿಟ್ಟು ಎದ್ದು ಹೋದ್ರು, ಆ ಕಡೆ ಬಾಗಿಲು ಹಾಕಿದ ಸದ್ದು ಕೇಳೋವರೆಗೂ ನಾನು ಕಿವಿಗೆ ಹಿಡ್ಕೊಂಡೇ ಇದ್ದೆ."

ಅವಳ ಬಾಯಿಂದ ಅಷ್ಟುದ್ದದ ಮಾತು ನಾನು ಕೇಳಿದ್ದು ಅದೇ ಮೊದಲು.

"ಅದಕ್ಕೇನಾ ದಿನಾ ನನಗೆ 'ಕೋಪ ಇಲ್ಲ' ಅಂತ ಹೇಳಿ ಹೋಗೋದು?"

"ಹೂಂ."

ನನ್ನ ಕಣ್ಣು ತುಂಬಿ ಬಂತು. ಕನ್ನಡಿಯಲ್ಲಿ ಕಾಣುತ್ತದೆಂದು ನೀರಿನ ಬಾಟಲಿ ಎತ್ತಿ ಅವಳ ತಲೆಗೆ ಸುಮ್ಮನೆ ಚಿಮ್ಮಿಸಿದೆ. "ಒದ್ದೆ ಮಾಡಿದ್ದಾಯ್ತಲ್ಲ ಆಗಲೇ" ಎಂದಳು. "ನನ್ನ ಅಂಗಡಿ, ನನ್ನ ನೀರು" ಎಂದೆ. "ಈಗ ಹೇಳಿದ್ಯಲ್ಲ, ಅದನ್ನೇ ಇಂಗ್ಲಿಷಲ್ಲಿ ಹೇಳು" ಎಂದೆ.

ತಡೆದು ತಡೆದು ಹೇಳಿದಳು. ನನ್ನ ಇಂಗ್ಲಿಷ್ ಗಿರಾಕಿಗಳಿಂದ ಕಲಿತದ್ದು, ಹೆಚ್ಚೇನಿಲ್ಲ. ಆದರೂ ವೆನ್, ಬಿಕಾಸ್, ಅಂಟಿಲ್ ಎಲ್ಲ ಬೇಕಾದ ಕಡೆ ತಾವಾಗಿಯೇ ಬಂದು ಕೂತದ್ದು ನನ್ನ ಕಿವಿಗೂ ಗೊತ್ತಾಯಿತು. ಆಲ್ದೋ ಕೂಡ ಒಂದು ಕಡೆ ಬಂತು, ಅವಳಿಗೆ ಸಮಾಧಾನ ಹೇಳಬೇಕು ಅನ್ನಿಸಿದ ಕಡೆ. ಈ ಸಲ ಅದು ಸುಳ್ಳಾಗಿರಲಿಲ್ಲ.

ಅಲ್ಲಿಂದ ಮುಂದೆ ಮೆಟ್ಟಿಲ ಕಟ್ಟೆಯೇ ನಮ್ಮ ಪಾಠಶಾಲೆ. ಅವಳು ಒಂದು ಗಿಡ್ಡ ಮಾತು ಹೇಳಿದರೆ ನಾನು "ಯಾಕೆ?" ಎಂದು ಅಡ್ಡ ನಿಲ್ಲುತ್ತಿದ್ದೆ. ಹೇಳಿದರೆ "ಇಲ್ಲದಿದ್ರೆ ಏನಾಗ್ತಿತ್ತು?" ಎನ್ನುತ್ತಿದ್ದೆ. ಮೇಲಿನ ಮನೆಯ ಹಿರಿಯ ಹೆಂಗಸೊಬ್ಬರು ತರಕಾರಿ ಚೀಲ ಹಿಡಿದು, ಇವಳ ಬಿಕಾಸ್ ಮುಗಿಯುವ ತನಕ ಕೆಳಗಿನ ಮೆಟ್ಟಿಲಲ್ಲೇ ಕಾಯುತ್ತಿದ್ದರು. "ಮುಗೀತೇನಮ್ಮಾ? ಕೈ ಬಿದ್ದುಹೋಗ್ತಿದೆ" ಎಂದು ಅವರು ಬೈದರೆ, ಕೈ ಯಾಕೆ ಬಿದ್ದುಹೋಗುತ್ತಿದೆ ಎಂಬುದನ್ನೂ ಇವಳು ಇಂಗ್ಲಿಷಿನಲ್ಲಿ ಪೋಣಿಸಿ ಹೇಳಿಯೇ ದಾರಿ ಬಿಡುತ್ತಿದ್ದಳು.

ಪರೀಕ್ಷೆಯ ದಿನ ನಾನು ಅಂಗಡಿ ಮುಚ್ಚಿ ಜೊತೆಗೆ ಹೋದೆ. ಗೇಟಿನ ಹೊರಗೆ ನಿಂತು ನಿಂತು ಕಾಲು ಸೋತವು. ಅವಳು ಹೊರಬಂದಾಗ ಮುಖ ಬಾಡಿತ್ತು.

"ಯಾರಿಗಾದ್ರೂ ಸಹಾಯ ಮಾಡಿದ ಸಂದರ್ಭ ಹೇಳಿ ಅಂತ ಕೊಟ್ಟಿದ್ರು, ಅದೇ ಫೋನ್ ಬಗ್ಗೆ ಹೇಳಿದೆ, ಚೆನ್ನಾಗೇ ಹೇಳಿದೆ, ಆದ್ರೆ ಮುಗಿಸಿದ ಮೇಲೆ, ಈ ಸಲ ಪರೀಕ್ಷೆಗೆ ಕೂತಿದ್ದ ಮೇಡಂ, ಆ ಹೆಂಗಸು ಬದುಕಿದ್ರಾ ಅಂತ ಕೇಳಿದ್ರು, ಅದನ್ನ ಕೇಳ್ತಾರೆ ಅಂತ ನಾನು ಅಂದ್ಕೊಂಡೇ ಇರಲಿಲ್ಲ, ಏನಾದ್ರೂ ಕಟ್ಟಿ ಹೇಳಬಹುದಿತ್ತು, ಆದ್ರೆ ಹಾಗೆ ಹೇಳಿದ್ರೆ ಆ ಯಜಮಾನ್ರಿಗೆ ಮೋಸ ಮಾಡಿದ ಹಾಗೆ ಅನ್ನಿಸ್ತು, ಗೊತ್ತಿಲ್ಲ ಅಂದುಬಿಟ್ಟೆ, ಅಷ್ಟೇ ಅಂದೆ, ಆಮೇಲೆ ಬಾಯಿ ಕಟ್ಟಿಹೋಯ್ತು, ಅವರೂ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ, ಎಲ್ಲ ಹಾಳಾಯ್ತು ರೀ."

ಗೇಟಿನಿಂದ ಬಸ್ ನಿಲ್ದಾಣದವರೆಗೂ ಒಂದೇ ಉಸಿರು. ನಾನು ನಡುವೆ ಬಾಯಿ ಹಾಕಲಿಲ್ಲ. ನಮ್ಮ ಬಸ್ಸು ಬಂದು ಹೊರಟೂ ಹೋಯಿತು.

ಪಾಸಾದಳು. ನಂಬರ್ ಬೇಕಾದ್ದಕ್ಕಿಂತ ಒಂದು ಕೈ ಮೇಲೇ ಬಂದಿತ್ತು. ಮುಖಕ್ಕೆ ನೊರೆ ಬಳಿಸಿಕೊಂಡು ಕೂತಿದ್ದ ಆಲ್ದೋ ಮೇಷ್ಟ್ರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು, "ಅಷ್ಟು ಉದ್ದ ಹೇಳಿದ ಮೇಲೆ ಗೊತ್ತಿಲ್ಲ ಅಂತ ನಿಂತಳಲ್ಲ, ಅಲ್ಲಿ ನಾನಾಗಿದ್ರೆ ಇನ್ನೊಂದು ಆಲ್ದೋ ಹಾಕಿ ಕೆಡಿಸ್ತಿದ್ದೆ ನೋಡಪ್ಪ" ಎಂದರು.

ಹಗಲು ಕೆಲಸದ ಮೊದಲ ದಿನ ನಾನು ಬೇಗ ಅಂಗಡಿ ಮುಚ್ಚಿದೆ. ಮನೆಯಲ್ಲಿ ದೀಪ ಉರಿಯುತ್ತಿತ್ತು. ಅಡುಗೆ ಆಗಿತ್ತು. ಹೊಸ ಹುಡುಗಿಯರು ಎಷ್ಟು ಹೆದರುತ್ತಾರೆ, ಯಾರ ದನಿ ಚೆನ್ನಾಗಿದೆ, ಎಲ್ಲ ಹೇಳುತ್ತ ತಟ್ಟೆ ಇಡುತ್ತಿದ್ದಳು. ಅಷ್ಟರಲ್ಲಿ ಕೆಳಗಿನ ರಸ್ತೆಯಲ್ಲಿ ಆಂಬುಲೆನ್ಸ್ ಕೂಗುತ್ತ ಹೋಯಿತು. ಅವಳ ಮಾತು ನಿಂತಿತು. ಕಿಟಕಿಯ ಹತ್ತಿರ ಹೋದಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ.

"ಇಷ್ಟು ದಿನ, ಎಲ್ಲಿಗೆ ಹೋಗ್ತಿದೆ ಅನ್ನೋದಾದ್ರೂ ಗೊತ್ತಿರ್ತಿತ್ತು" ಎಂದಳು. ಅಳುತ್ತಿದ್ದಳು. ಬೆನ್ನ ಮೇಲೆ ಕೈಯಿಟ್ಟೆ. ಆ ಕೂಗು ದೂರವಾಗಿ, ಎಲ್ಲೋ ತಿರುಗಿ, ಕೇಳದಾಯಿತು. ಅದರ ಆಚೆಗೂ ಸ್ವಲ್ಪ ಹೊತ್ತು ಇಬ್ಬರೂ ಕಿವಿಗೊಟ್ಟು ನಿಂತೆವು.

ಸೆರಗಿನಿಂದ ಮುಖ ಒರೆಸಿಕೊಂಡು, "ಬನ್ನಿ, ಆರಿಹೋಗುತ್ತೆ" ಎಂದಳು. ಕೂತೆವು. ಬಡಿಸಿಕೊಳ್ಳಲು ಇಬ್ಬರೂ ಒಟ್ಟಿಗೇ ಸೌಟಿಗೆ ಕೈ ಹಾಕಿದೆವು.