ಕಲ್ಲಿನ ಮುಚ್ಚಳ

ಶಿವಗಂಗಾ ಒಂಬತ್ತು ತಿಂಗಳು ಕಾಯಲಾರದೆ ಎಂಟಕ್ಕೇ ಹುಟ್ಟಿ ಬಂದವಳು. ಅವತ್ತಿನಿಂದ ಇಪ್ಪತ್ತೆಂಟು ವರ್ಷ, ಈ ಹುಡುಗಿ ಯಾವುದಕ್ಕೂ ಕಾದದ್ದಿಲ್ಲ ಎಂದು ಅವಳ ತಾಯಿ ಮಹಾದೇವಮ್ಮ ಶಹಾಬಾದಿನ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಚಹಾ ಆರುವ ಮೊದಲೇ ಕುಡಿದು ನಾಲಿಗೆ ಸುಟ್ಟುಕೊಳ್ಳುವುದು, ಗೇಟು ಹಾಕಿದ್ದರೂ ಬಗ್ಗಿ ಹಳಿ ದಾಟುವುದು, ಎದುರಿನವರ ಮಾತು ಮುಗಿಯುವ ಮೊದಲೇ ಹೂಂ ಅಂದುಬಿಡುವುದು. ಮೊದಲಿನ ಎರಡರಿಂದ ಕೇಡು ಅವಳಿಗೊಬ್ಬಳಿಗೇ. ಮೂರನೆಯದರಿಂದ ಏನಾಯಿತು ಎಂಬುದೇ ಈಗ ಹೇಳಬೇಕಾದದ್ದು.

ಆರು ವರ್ಷ ಅವಳು ಒಬ್ಬ ಎಂಜಿನಿಯರ್ ಸಾಹೇಬರ ಆಫೀಸಿನಲ್ಲಿ ಕೂತು ಮನೆಗಳ ನಕ್ಷೆ ಬರೆದಳು. ನಕ್ಷೆಯ ಕೆಳಗೆ ಬಲಮೂಲೆಯಲ್ಲಿ ಹೆಸರಿಗೆಂದು ಒಂದು ಚೌಕ ಇರುತ್ತದೆ. ಬರೆದವಳು ಇವಳು, ಚೌಕದಲ್ಲಿ ಹೆಸರು ಸಾಹೇಬರದು. ಒಮ್ಮೆ ಧೈರ್ಯ ಮಾಡಿ ಕೇಳಿದಳು. "ನಿನ್ನ ಹೆಸರು ನೋಡಿ ಯಾರವಾ ಮನಿ ಕಟ್ಟಸ್ತಾರ?" ಎಂದು ಅವರು ನಕ್ಕರು. ಮರುವಾರವೇ ಕೆಲಸ ಬಿಟ್ಟು, ಮನೆಯ ಮುಂದಿನ ಕೋಣೆಯಲ್ಲಿ ತನ್ನ ಹೆಸರಿನ ಬೋರ್ಡು ಹಾಕಿದಳು. ವರ್ಷ ಕಳೆಯಿತು. ಅಷ್ಟು ದಿನದಲ್ಲಿ ಬಂದದ್ದು ಎರಡು ಕಂಪೌಂಡ್ ಗೋಡೆ, ಒಂದು ದನದ ಕೊಟ್ಟಿಗೆ.

ಅಂಥದ್ದರಲ್ಲಿ ಚಿಂಚೋಳಿಯಿಂದ ಕರೆ ಬಂತು. ಅಲ್ಲಿನ ಒಂದು ಸಮಾಜದವರು ಸಮುದಾಯ ಭವನ ಕಟ್ಟಿಸುವವರಿದ್ದರು. ನಕ್ಷೆ ಮಾಡುವವರು ಭಾನುವಾರ ಬಂದು ತೋರಿಸಬೇಕು. ಎಲ್ಲರೂ ಕಾಗದ ತರುತ್ತಾರೆ, ನಾನು ಭವನವನ್ನೇ ತೋರಿಸುತ್ತೇನೆ ಎಂದು ಶಿವಗಂಗಾ ನಿಶ್ಚಯಿಸಿದಳು. ಕಂಪ್ಯೂಟರನ್ನೇ ಒಯ್ದು ಟೀವಿಗೆ ಹಚ್ಚಿ, ಬಾಗಿಲಿನಿಂದ ಅಡುಗೆಮನೆಯ ತನಕ ಕಣ್ಣೆದುರೇ ನಡೆಸಿಕೊಂಡು ಹೋಗುವುದು. ಕಂಬ ಸರಿಸು ಅಂದರೆ ನಿಂತ ಕಾಲಲ್ಲೇ ಸರಿಸಿ ತೋರಿಸುವುದು. ಕೆಲಸ ಸಿಕ್ಕರೆ ಮೂಲೆಯ ಚೌಕದಲ್ಲಿ ಮೊದಲ ಸಲ ಅವಳ ಹೆಸರು.

ಆದರೆ ಅವಳ ಕಂಪ್ಯೂಟರು ಗೋದಿಯ ಚೀಲದಷ್ಟು ದಪ್ಪ. ಅದನ್ನು ಹೊತ್ತು ರೈಲು ಹತ್ತುವಂತಿಲ್ಲ. ಸಾಲದ್ದಕ್ಕೆ ಶಹಾಬಾದಿನ ಬಿಸಿಲು, ಓಣಿ ತುಂಬ ಕಲ್ಲಿನ ಧೂಳು. ಫ್ಯಾನುಗಳು ಧೂಳು ತಿಂದು ಉಸಿರುಕಟ್ಟಿ, ದೊಡ್ಡ ನಕ್ಷೆ ತೆರೆದ ಅರ್ಧ ತಾಸಿಗೆ ಕಂಪ್ಯೂಟರು ತಾನೇ ಆರಿಹೋಗುತ್ತಿತ್ತು. ಅದಕ್ಕೆಂದೇ ಅವಳು ದಿಲ್ಲಿಯಿಂದ ತೊಡೆಯ ಮೇಲೆ ಕೂರುವಷ್ಟು ಚಿಕ್ಕ ಡಬ್ಬಿಯೊಂದನ್ನು ತರಿಸಿದ್ದಳು. ಹಳೆಯದರ ಒಡಲನ್ನೆಲ್ಲ ಬಿಚ್ಚಿ ಅದರೊಳಗೆ ಕೂರಿಸಬೇಕು. ಅಷ್ಟು ಇಕ್ಕಟ್ಟಿನಲ್ಲಿ ಗಾಳಿ ಸಾಲದು, ನೀರೇ ಬೇಕು. ಪುಟ್ಟ ಮೋಟರೊಂದು ಕೊಳವೆಯಲ್ಲಿ ನೀರು ತಿರುಗಿಸುತ್ತದೆ, ನೀರು ಒಳಗಿನ ಬಿಸಿ ಹೊತ್ತು ಮೇಲಿನ ರೇಡಿಯೇಟರಿಗೆ ಬಂದು ಆರುತ್ತದೆ. ಲಾರಿಯಲ್ಲಿ ಇರುವುದೂ ಇದೇ ಏರ್ಪಾಡು. ತೊಡಕು ಒಂದೇ. ರೇಡಿಯೇಟರು ನೇತಾಡಬೇಕಾದದ್ದು ಮುಚ್ಚಳದ ಕೆಳಗೆ, ಅದೂ ಎಡಗಡೆಗೆ ಮಾತ್ರ, ಬಲಗಡೆ ಕರೆಂಟಿನ ಪೆಟ್ಟಿಗೆ ಇದೆ. ಡಬ್ಬಿಯ ತಗಡಿನ ಮುಚ್ಚಳದಲ್ಲೋ ಗಾಳಿಯಾಡಲು ಒಂದು ತೂತೂ ಇಲ್ಲ.

ಮುಚ್ಚಳ ಕೊಯ್ಯಲು ಅವಳು ಪಕ್ಕದ ಶೌಕತ ಅಲಿ ಚಾಚಾನ ಹತ್ತಿರ ಹೋದಳು. ಚಾಚಾನದು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಅಂಗಡಿ. ಅಡುಗೆ ಕಟ್ಟೆಯ ಕಲ್ಲಿನಲ್ಲಿ ಸಿಂಕಿಗೆ ಕಂಡಿ ಕೊಯ್ಯುವುದರಲ್ಲಿ ಅವನನ್ನು ಮೀರಿಸುವವರು ಆ ಓಣಿಯಲ್ಲಿ ಇಲ್ಲ. ಅವನ ರೂಢಿ ಏನೆಂದರೆ, ಪಾಲಿಶ್ ಮಾಡಿದ ಮುಖಕ್ಕೆ ಗೀರು ಬೀಳಬಾರದೆಂದು ಕಲ್ಲನ್ನು ಗೋಣಿತಟ್ಟಿನ ಮೇಲೆ ಬೋರಲು ಹಾಕಿ, ಹಿಂಬದಿಗೆ ಗುರುತು ಮಾಡಿ, ಹಿಂಬದಿಯಿಂದಲೇ ಕೊಯ್ಯುವುದು. ಕೊಯ್ದಾದ ಮೇಲೆ ಅದೇ ಹಿಂಬದಿಯಲ್ಲಿ ಮೊಳೆಯಿಂದ ಉರ್ದುವಿನಲ್ಲಿ ಗಿರಾಕಿಯ ಹೆಸರು ಕೆತ್ತುವುದು. ಕಾಳಗಿಗೆ ಹೋಗುವ ಕಲ್ಲು ನಾಲವಾರಕ್ಕೆ ಹೋಗಬಾರದಲ್ಲ. "ನಿಮ್ಮ ಹೆಸರು ಬರಿಯಾಂಗಿಲ್ಲೇನು ಚಾಚಾ?" ಎಂದು ಸಣ್ಣವಳಿದ್ದಾಗ ಶಿವಗಂಗಾ ಕೇಳಿದ್ದಳು. "ನಮ್ಮ ಹೆಸರು ಬರದ್ರ ಕಲ್ಲು ತಿರುಗಿ ನಮ್ಮ ಅಂಗಡಿಗೇ ಬರ್ತದ ಬೇಟಿ" ಎಂದು ಅವನು ನಕ್ಕಿದ್ದ.

ಗುರುವಾರ ಬೆಳಿಗ್ಗೆ ಅವಳು ಮುಚ್ಚಳವನ್ನೂ ಕಂಡಿಯ ಅಳತೆ ಬರೆದ ಕಾಗದವನ್ನೂ ಅವನ ಮುಂದಿಟ್ಟಳು. ಚಾಚಾ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ.

"ಕಾಗದ ಮ್ಯಾಗಿಂದ ನೋಡಿ ಬರದದ್ದಾ, ಇಲ್ಲಾ ಕೆಳಗಿಂದ..."

"ಹೂಂ ಹೂಂ, ಹ್ಯಾಂಗದ ಹಂಗೇ ಹಚ್ಚಿ ಕೊಯ್ರಿ ಚಾಚಾ. ಏನೂ ಬದಲಿ ಮಾಡಬ್ಯಾಡ್ರಿ." ಅಷ್ಟು ಹೇಳುವಾಗಲೇ ಅವಳು ಅರ್ಧ ರಸ್ತೆ ದಾಟಿದ್ದಳು.

ಹ್ಯಾಂಗದ ಹಂಗೇ ಹಚ್ಚಿದ. ತನ್ನ ರೂಢಿಯಂತೆ ಬಣ್ಣದ ಮುಖ ಬೋರಲು ಹಾಕಿ, ಕಾಗದವನ್ನು ಹಿಂಬದಿಗೆ ಹಚ್ಚಿದ. ಸಂಜೆ ಮುಚ್ಚಳ ಬಂದಾಗ ಅಂಚು ಕೂದಲೆಳೆಯಷ್ಟೂ ಸೊಟ್ಟ ಇರಲಿಲ್ಲ. ಎಡಕ್ಕೆ ಬೇಕಾದ ಕಂಡಿ ಮಾತ್ರ ಬಲಕ್ಕೆ ಬಂದಿತ್ತು. ಮಗುಚಿ ಹಾಕೋಣವೆಂದರೆ ತಗಡಿನ ಅಂಚುಗಳು ಒಳಕ್ಕೆ ಬಾಗಿವೆ, ಹಿಂದುಮುಂದು ಮಾಡಿದರೆ ಸ್ಕ್ರೂ ತೂತುಗಳು ಹೊಂದುವುದಿಲ್ಲ. ಇನ್ನೊಂದು ಮುಚ್ಚಳ ದಿಲ್ಲಿಯಿಂದ ಬರಲು ಹತ್ತು ದಿನ. ಭಾನುವಾರಕ್ಕೆ ಉಳಿದದ್ದು ಎರಡೇ ದಿನ.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ನಾಲಿಗೆ ಮಾತ್ರ ಚುರುಕು. ಶಿವಗಂಗಾ ಅಂಗಡಿಯ ಮುಂದೆ ನಾಲ್ಕು ಜನ ನಿಂತಿರುವಾಗಲೇ ಆಡಿದಳು. "ಕಲ್ಲು ಕಡಿಯೋರ ಕೈಯಾಗ ಕಂಪ್ಯೂಟರ್ ಕೊಟ್ಟೀನಲ್ಲ, ನಂದೇ ತಪ್ಪು."

ಚಾಚಾನ ಮುಖ ಸಣ್ಣದಾಯಿತು. "ಮ್ಯಾಗಿಂದಾ ಕೆಳಗಿಂದಾ ಅಂತ ಕೇಳಿದ್ದೆ ಬೇಟಿ. ನೀ ಹೂಂ ಅಂದಿ" ಅಂದ. ಮುಚ್ಚಳದ ಉದ್ದಗಲ ಅಳೆದುಕೊಂಡು, "ಆ ರೇಡಿಯೇಟರ್, ಫ್ಯಾನು ನನ್ನ ಹಂತ್ಯಾಕ ಬಿಟ್ಟು ಹೋಗು" ಅಂದ. ಅವಳು ಎರಡನ್ನೂ ಮನೆಯಿಂದ ತಂದು ಕಟ್ಟೆಯ ಮೇಲೆ ಕುಕ್ಕಿ ಹೋದಳು.

ಶುಕ್ರವಾರ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ನಕ್ಷೆಯ ಕಿಟಕಿಯನ್ನು ಹತ್ತು ಸಲ ಆಚೀಚೆ ಸರಿಸಿದಳು, ಕಾರಣವಿಲ್ಲದೆ ತಾಯಿಯ ಮೇಲೆ ರೇಗಿದಳು, ಬಸ್‌ಸ್ಟ್ಯಾಂಡಿನ ತನಕ ಹೋಗಿ ಏನೂ ತರದೆ ಬಂದಳು. ಪ್ರತಿ ಶುಕ್ರವಾರ ನಮಾಜಿನ ನಂತರ ಮುಚ್ಚಿರುವ ಪಕ್ಕದ ಅಂಗಡಿಯಲ್ಲಿ ಅವತ್ತು ಮಾತ್ರ ಸಂಜೆತನಕ ಕಲ್ಲು ಕೊಯ್ಯುವ ಸದ್ದಿತ್ತು. ತಲೆ ಚಿಟ್ಟು ಹಿಡಿಸುತ್ತಾನೆ ಎಂದು ಬೈದು ಅವಳು ಕಿಟಕಿ ಹಾಕಿಕೊಂಡಳು.

ಶನಿವಾರ ಮಧ್ಯಾಹ್ನ ಚಾಚಾ ತಾನೇ ಬಂದ. ಕೈಯಲ್ಲಿ ಒಂದು ಹೊಸ ಮುಚ್ಚಳ. ತಗಡಿನದಲ್ಲ, ಶಹಾಬಾದ್ ಕಲ್ಲಿನದು. ಹಾಳೆಯಂತೆ ಎದ್ದ ಕಲ್ಲನ್ನು ಬೆರಳಿನ ದಪ್ಪಕ್ಕೂ ಕಡಿಮೆ ಇಳಿಸಿ, ಮೋಡದ ಬಣ್ಣ ಬರುವ ತನಕ ತಿಕ್ಕಿದ್ದ. ಕಂಡಿ ಎಡಕ್ಕೇ ಇತ್ತು. ಕೆಳಗೆ ರೇಡಿಯೇಟರನ್ನೂ ಫ್ಯಾನುಗಳನ್ನೂ ತಾನೇ ಬೋಲ್ಟು ಹಾಕಿ ಕೂರಿಸಿದ್ದ. "ನೀ ಬಿಗಿದ್ರ ಅವಸರದಾಗ ಕಲ್ಲು ಸೀಳ್ತದ" ಅಂದ. ಹಿಂಬದಿಗೆ ಕೊಯ್ಯುವಾಗ ಎದ್ದ ಕಲ್ಲಿನ ಕೆಸರು ಒಣಗಿ ಬಿಳಿಯಾಗಿ ಅಂಟಿತ್ತು. "ಒರಿಸಿಕೋ" ಅಂದು ಹೋದ. ಅವಳು ಒರೆಸಲಿಲ್ಲ. ಉಪಕಾರದ ಮಾತೂ ಆಡಲಿಲ್ಲ. ಕೊಳವೆ ಜೋಡಿಸುವುದರಲ್ಲೇ ಅವಳ ಜೀವವಿತ್ತು.

ನೀರು ತುಂಬಿದ ಮೇಲೆ ಒಂದು ದಿನವಿಡೀ ಬರೀ ಮೋಟರು ಓಡಿಸಿ, ಪ್ರತಿ ಕೀಲಿನ ಕೆಳಗೆ ಕಾಗದ ಇಟ್ಟು, ಎಲ್ಲಿಯಾದರೂ ಒದ್ದೆಯಾಗುತ್ತದೋ ಎಂದು ಕಾಯಬೇಕು. ಬಲ್ಲವರೆಲ್ಲ ಹೇಳುವ ಮಾತು ಅದು. ಶಿವಗಂಗಾ ಮೂರು ತಾಸು ಕಾದಳು. ಅವಳ ಮಟ್ಟಿಗೆ ಅದು ತಪಸ್ಸು. ಕಾಗದ ಒಣಗಿಯೇ ಇತ್ತು, ಸಾಕೆಂದು ಕಂಪ್ಯೂಟರ್ ಹಚ್ಚಿಬಿಟ್ಟಳು. ಭವನ ತೆರೆದುಕೊಂಡಿತು. ತಾಸಾದರೂ ಆರಲಿಲ್ಲ.

ಭಾನುವಾರ ಬೆಳಿಗ್ಗೆ ಚಾದರಿನಲ್ಲಿ ಸುತ್ತಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಕೂತಳು. ವಾಡಿಯಲ್ಲಿ ಗಾಡಿ ಸುಮ್ಮನೆ ನಿಂತುಬಿಟ್ಟಿತು. ಎದ್ದು ಬಾಗಿಲಿಗೆ ಹೋಗುವಳು, ಬಂದು ಕೂರುವಳು, ಚಾದರಿನೊಳಗೆ ಕೈ ತೂರಿಸಿ ಕೀಲು ಮುಟ್ಟಿ ನೋಡುವಳು. ಎದುರಿಗೆ ಕೂತ ಮುದುಕಿ "ಕೂಸು ಮಲಗ್ಯದೇನು?" ಎಂದು ಕೇಳಿದಳು. ಚಿತ್ತಾಪುರ ದಾಟಿ ಸೇಡಂ ಬರುವಷ್ಟರಲ್ಲಿ ಅವಳ ಉಗುರೆಲ್ಲ ಕಡಿದು ಮುಗಿದಿದ್ದವು. ಸೇಡಂನಿಂದ ಚಿಂಚೋಳಿಗೆ ಬಸ್ಸು. ಒಂದೊಂದು ಗುಂಡಿಗೂ ಬಸ್ಸು ಎತ್ತಿ ಒಗೆಯುತ್ತಿತ್ತು, ಅವಳು ಡಬ್ಬಿಯನ್ನು ಎದೆಗೆ ಅವುಚಿಕೊಂಡು ಡ್ರೈವರನ ಬೆನ್ನನ್ನು ದುರುಗುಟ್ಟಿ ನೋಡುತ್ತಿದ್ದಳು.

ಸಮಾಜದ ಕೋಣೆಯಲ್ಲಿ ಐದು ಜನ ಕೂತಿದ್ದರು. ನಡುವೆ ಅಧ್ಯಕ್ಷರಾದ ಕಲ್ಯಾಣಪ್ಪನವರು, ಹಣೆ ತುಂಬ ವಿಭೂತಿ. ಪಕ್ಕದಲ್ಲಿ ರಿಟೈರಾದ ಟೀಚರು ಸೂಗಮ್ಮ.

"ನೀ ಆ ಎಂಜಿನಿಯರ್ ಸಾಹೇಬರ ಆಫೀಸಿನಾಕಿ ಅಲಾ? ಅವ್ರು ಬರಲಿಲ್ಲೇನು?" ಎಂದರು ಕಲ್ಯಾಣಪ್ಪ.

"ಅವ್ರ ಕಡೆ ಬಿಟ್ಟೀನ್ರಿ. ಈಗ ನಂದೇ ಅಂಗಡಿ ಅದ."

"ಹೌದು, ಆದ್ರ ಹಿಂದ ಯಾರರ ಇರಬೇಕಲ. ಇಷ್ಟು ದೊಡ್ಡ ಕೆಲಸ."

ಅವಳು ಚಾದರು ಬಿಚ್ಚಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಕಲ್ಯಾಣಪ್ಪನವರ ಕಣ್ಣು ಮುಚ್ಚಳದ ಮೇಲೆ ಬಿತ್ತು. ಅಂಗೈಯಿಂದ ಕಲ್ಲನ್ನು ಸವರಿ, ಕಂಡಿಯ ಅಂಚಿನ ಮೇಲೆ ಬೆರಳಾಡಿಸಿದರು.

"ಇದು ನಮ್ಮ ಕಡೆ ಕಲ್ಲು. ಇಷ್ಟು ತೆಳ್ಳಗ ಒಡೀಲಾರದ ಹ್ಯಾಂಗ ಕೊಯ್ದಾರ ನೋಡ್ರಿ. ಯಾರ ಕೈಯವಾ ಇದು?"

"ನಂದೇರಿ. ಡಬ್ಬಿ, ನಕ್ಷಾ, ಕಲ್ಲು, ಎಲ್ಲಾ ನಾನೇ ಮಾಡೀನ್ರಿ. ನನ್ನ ಹಿಂದ ಯಾರೂ ಇಲ್ಲ."

ಬಾಯಿಂದ ಬಿದ್ದ ಮೇಲೆ ಆ ಮಾತು ಅವಳಿಗೇ ಪರಕೀಯವಾಗಿ ಕೇಳಿಸಿತು. ಆದರೆ ಐದೂ ಮುಖಗಳು ಅವಳತ್ತ ಬೇರೆ ರೀತಿಯಲ್ಲಿ ತಿರುಗಿದ್ದವು, ಅದು ಹಿತವಾಗಿತ್ತು. ಟೀವಿಗೆ ತಂತಿ ಹಚ್ಚಿದಳು. ಭವನದ ಬಾಗಿಲು ತೆರೆಯಿತು. ಕಂಬ ಸರಿಸು ಅಂದರು, ಸರಿಸಿದಳು. ಊಟದ ಮನೆಗೆ ಇನ್ನೊಂದು ಬಾಗಿಲು ಬೇಕೆಂದರು, ಇಟ್ಟಳು. ಹಿಂದೆ ಕೂತಿದ್ದವರೂ ಕುರ್ಚಿ ಎಳೆದುಕೊಂಡು ಮುಂದೆ ಬಂದರು.

ಆಗ ಸೂಗಮ್ಮ ಟೀಚರು ಹೇಳಿದರು. "ಯವ್ವಾ, ನಿನ್ನ ಡಬ್ಬಿ ಬೆವರಾಕತ್ತದ ನೋಡು."

ಕಲ್ಲಿನ ಅಂಚಿನಿಂದ ನೀರಿನ ಹನಿಯೊಂದು ಇಳಿಯುತ್ತಿತ್ತು. ಅವಳು ಪ್ಲಗ್ಗನ್ನು ಕಿತ್ತಳು. ಟೀವಿ ಕಪ್ಪಾಯಿತು. ನಾಲ್ಕು ಸ್ಕ್ರೂ ತೆಗೆದು ಮುಚ್ಚಳವನ್ನು ಪಕ್ಕಕ್ಕೆ ವಾಲಿಸಿ ಹಿಡಿದಳು. ಮೊದಲೇ ತುಸು ಸಡಿಲಿದ್ದ ಕೀಲೊಂದು ಬಸ್ಸಿನ ಕುಲುಕಿಗೆ ಇನ್ನಷ್ಟು ಬಿಚ್ಚಿ, ನೀರು ಕಲ್ಲಿನ ಹಿಂಬದಿಗೆ ಹರಿದಿತ್ತು. ಇನ್ನೆರಡು ಹನಿ ಆಚೆ ಬಿದ್ದಿದ್ದರೆ ಎಲ್ಲ ಸುಟ್ಟುಹೋಗುತ್ತಿತ್ತು. ಮೂರು ತಾಸಿನ ಬದಲು ರಾತ್ರಿಯಿಡೀ ಕಾದಿದ್ದರೆ ಈ ಸಡಿಲು ಅಲ್ಲೇ ಮನೆಯಲ್ಲೇ ಸಿಗುತ್ತಿತ್ತು. ಕೀಲು ಬಿಗಿದು, ಸೆರಗಿನಂತೆ ಇಳಿಬಿದ್ದ ಓಢಣಿಯಿಂದಲೇ ಕಲ್ಲಿನ ಹಿಂಬದಿ ತಿಕ್ಕಿ ಒರೆಸಿದಳು. ಒಣಗಿ ಕೂತಿದ್ದ ಬಿಳಿ ಕೆಸರು ಎದ್ದುಬಂತು. ಒದ್ದೆ ಕಲ್ಲು ಕಪ್ಪಾಯಿತು. ಕಪ್ಪಿನ ಮೇಲೆ ಮೊಳೆಯಲ್ಲಿ ಗೀರಿದ ಅಕ್ಷರಗಳು ಬೆಳ್ಳಗೆ ಮೂಡಿದವು.

ಕಲ್ಯಾಣಪ್ಪನವರು ಕನ್ನಡಕ ಏರಿಸಿ, ಬಗ್ಗಿ, ಒಂದೊಂದೇ ಅಕ್ಷರ ಓದಿದರು. "ಶಿವಗಂಗಾ. ಖರೇನೇ ಅಂದಾಳ ನೋಡ್ರಿ ಹುಡುಗಿ. ಕೈ ಇಕಿದೇ, ಹೆಸರೇ ಅದ ಇಲ್ಲಿ."

ಚಾಚಾನಿಗೆ ಕನ್ನಡ ಬರೆಯಲು ಬಾರದು. ಗಿರಾಕಿಗಳ ಹೆಸರನ್ನೆಲ್ಲ ಉರ್ದುವಿನಲ್ಲಿ ಗೀರುವ ಮನುಷ್ಯ ಇದೊಂದಕ್ಕೆ ಅವಳ ಅಂಗಡಿಯ ಬೋರ್ಡು ನೋಡಿ ನೋಡಿ, ಗೆರೆಗೆ ಗೆರೆ ಕೂಡಿಸಿ ಬರೆದಿದ್ದ. ಅವಳಿಗೆ ಓದಲು ಬರಲಿ ಎಂದು. ಅದೂ ನಾಲ್ಕು ಜನರ ಮುಂದೆ ಆ ಮಾತು ಅನ್ನಿಸಿಕೊಂಡ ಮಾರನೆಯ ದಿನ, ನಮಾಜಿನಿಂದ ಬಂದು. ಶಿವಗಂಗಾಗೆ ನಾಚಿಕೆಯಾಯಿತು. ಸಣ್ಣ ನಾಚಿಕೆಯಲ್ಲ, ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತೇನೆ ಅನ್ನುವಂಥದು. ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಅವಳ ಸುಳ್ಳಿಗೆ ಕಲ್ಲೇ ಸಾಕ್ಷಿ ಹೇಳಿತ್ತು.

"ಹೆಸರು ನಂದೇರಿ. ಕೈ ನಂದಲ್ಲ" ಅಂದಳು. "ಕೊಯ್ದವರು ಶಹಾಬಾದಿನ ಶೌಕತ ಅಲಿ ಅಂತ. ನಮ್ಮ ಬಾಜೂಕಿನ ಅಂಗಡಿ. ಅವ್ರು ತಮ್ಮ ಹೆಸರು ಎಲ್ಲೂ ಬರಿಯಾಂಗಿಲ್ರಿ."

ಮುಂದೆ ಬಂದಿದ್ದ ಒಬ್ಬರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು.

"ಮತ್ತ ಆಗ್ಯಾಕ ನಾನೇ ಅಂದಿ?" ಎಂದು ಕೇಳಿದವರು ಸೂಗಮ್ಮ.

"ಆರು ವರ್ಷ ನನ್ನ ಕೆಲಸಕ್ಕ ಇನ್ನೊಬ್ರು ನಾನೇ ಅಂದಿದ್ರು‌ರಿ. ಕೇಳಿ ಕೇಳಿ ನನ್ನ ಬಾಯಿಗೂ ಅದೇ ಬಂದದ." ಅವಳು ಒದ್ದೆ ಕಲ್ಲಿನತ್ತ ಕೈ ತೋರಿಸಿದಳು. "ಇದು ಪೂರಾ ಒಣಗಬೇಕ್ರಿ. ತಾಸು ಹಿಡೀತದ. ಕಾಯೋದಾದ್ರ ಕಾಯ್ರಿ. ಇಲ್ಲಾ ನಾ ಹೋಗ್ತೀನಿ."

ಇಬ್ಬರು ಎದ್ದು ಹೋದರು. ಕಲ್ಯಾಣಪ್ಪನವರು ಹೋಗಲಿಲ್ಲ, ಸೂಗಮ್ಮನೂ ಹೋಗಲಿಲ್ಲ, ಇನ್ನೊಬ್ಬರು ಚಹಾ ತರಿಸಿದರು. ಶಿವಗಂಗಾ ಮುಚ್ಚಳ ವಾಲಿಸಿಟ್ಟು ಕೂತಳು. ಕೀಲಿನ ಕೆಳಗೆ ಕಾಗದ ಇಟ್ಟಳು, ಉಳಿದದ್ದಕ್ಕೆ ಕರೆಂಟು ತಪ್ಪಿಸಿ ಮೋಟರನ್ನಷ್ಟೇ ಓಡಿಸಿದಳು. ಕಾಲು ಕುಣಿಯತೊಡಗಿದಾಗ ಅಂಗೈಯಿಂದ ಮಂಡಿಯನ್ನು ಒತ್ತಿ ಹಿಡಿದಳು. ಕಲ್ಲು ಒಣಗುತ್ತ ಹೋದಂತೆ ಅವಳ ಹೆಸರು ಮಸುಕಾಗುತ್ತ ಹೋಯಿತು. ತಾಸು ತುಂಬಿದ ಮೇಲೂ ಇನ್ನೊಮ್ಮೆ ಕಾಗದ ಮುಟ್ಟಿ ನೋಡಿ, ಆಮೇಲೆ ಸ್ಕ್ರೂ ಹಾಕಿ, ಕಂಪ್ಯೂಟರ್ ಹಚ್ಚಿದಳು. ಚಹಾ ಆರಿಹೋಗಿತ್ತು.

ಮತ್ತೆ ಭವನ ತೆರೆಯಿತು. ಕಲ್ಯಾಣಪ್ಪನವರು ಬಾಗಿಲಿನಿಂದ ಅಡುಗೆಮನೆಯ ತನಕ ಎರಡು ಸಲ ಹೋಗಿಬಂದರು. ಆಮೇಲೆ ಕನ್ನಡಕ ತೆಗೆದು, ಅದನ್ನು ಧೋತರದ ಚುಂಗಿನಿಂದ ಒರೆಸುತ್ತ ನಿಧಾನವಾಗಿ ಕೇಳಿದರು.

"ಈ ನಕ್ಷಾ ಆದ್ರೂ ಪೂರಾ ನಿಂದೇ ಏನವಾ? ಕೆಳಗ ನಿನ್ನ ಹೆಸರು ಬರದು ಸಮಾಜದ ಮುಂದ ಇಟ್ರ, ನಾಳಿ ಇನ್ನೊಬ್ರು ಬಂದು ಇದು ನಂದು ಅನ್ನಾಂಗಿಲ್ಲ ಅಲಾ? ನಾ ಮಂದಿಗಿ ಹೇಳಾಕ ಅಡ್ಡಿ ಇಲ್ಲಲಾ?"

ಶಿವಗಂಗಾ ಅವರ ಮೂರೂ ಮಾತು ಪೂರ್ತಿ ಮುಗಿಯುವ ತನಕ ಕಾದಳು.

"ನಂದೇರಿ" ಅಂದಳು.