ಬಾಗಿಲು ಹಿಡಿದವಳು

"'ಬಾಗಿಲು ಹಿಡಿದುಕೊಂಡು ನಿಂತಿದ್ದೆ.' ಇದು ಉತ್ತರ! ಇನ್ನೊಂದು ಸಲ ಓದ್ತೀನಿ, ಎಲ್ಲರೂ ಕೇಳಿಸ್ಕೊಳ್ಳಿ. 'ಬಾಗಿಲು ಹಿಡಿದುಕೊಂಡು ನಿಂತಿದ್ದೆ!'"

ತರಬೇತಿ ಕೊಡಲು ಬಂದಿದ್ದ ಕಂಪನಿಯ ಹೋಲ್ಕಂಬ್, ಶಾಲೆಯ ಲೈಬ್ರರಿ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ದೊಡ್ಡದಾಗಿ ಬಿದ್ದಿದ್ದ ಅಕ್ಷರಗಳಿಗೆ ಬೆರಳು ತೋರಿಸಿ ನಗುತ್ತಿದ್ದ. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗುವಂತೆ ಮುದುಡಿ ಕೂತಿದ್ದ ಆಯಾಗಳೂ ಟೀಚರುಗಳೂ ನಕ್ಕರು. ನಗದೆ ಏನು ಮಾಡುತ್ತಾರೆ? ಮುಂದಿನ ಸಾಲಿನಲ್ಲಿ ಶಾಲೆಗಳ ಸೂಪರಿಂಟೆಂಡೆಂಟ್ ಗೇನ್ಸ್ ಸಾಹೇಬನೇ ಹೊಟ್ಟೆ ಕುಣಿಸಿಕೊಂಡು ನಗುತ್ತಿದ್ದ.

"ಬರೆದೋರು ಯಾರು ಅಂತ ಹೇಳಲ್ಲಪ್ಪ, ಪಾಪ," ಅಂದ ಹೋಲ್ಕಂಬ್. ಹೇಳುವ ಅಗತ್ಯವೂ ಇರಲಿಲ್ಲ. ಹೆಸರು ಉತ್ತರದ ಪಕ್ಕದಲ್ಲೇ ಗೋಡೆಯ ಮೇಲಿತ್ತು: ವರ್ನೀಸ್ ಟಾಲಿವರ್.

ವರ್ನೀಸ್ ಹಿಂದಿನ ಸಾಲಿನಲ್ಲಿ ಎದ್ದು ನಿಂತಳು. ಐವತ್ತು ದಾಟಿದ ಹೆಂಗಸು, ಎತ್ತರದ ಆಳು. "ಆ ಬಾಗ್ಲಿಗೆ ಚಿಲ್ಕ ಇಲ್ಲ ಸಾರ್. ಒಳ್ಗೆ ಲಟ್ರೀಸು ಮಗೀಗೆ ಡೈಪರ್ ಬದ್ಲಾಯಿಸ್ತಿದ್ಲು. ಯಾರಾರ ನುಗ್ಗಾರು ಅಂತ ನಾನು ಇಡ್ಕಂಡಿದ್ದೆ."

"ಬದಲಾಯಿಸ್ತಿದ್ದೋಳ ಕೆಲಸಕ್ಕೆ ದುಡ್ಡು ಬರುತ್ತಮ್ಮ. ಅದು ಮಗುವಿನ ಯೋಜನೇಲಿ ಬರೆದಿದೆ, ಆರೋಗ್ಯ ಸೇವೆ. ನೀನು ನಿಂತಿದ್ದಕ್ಕೆ ಯಾರು ಕೊಡ್ತಾರೆ? ಬಾಗಿಲಿಗೇನಾದ್ರೂ ಜ್ವರ ಬಂದಿತ್ತಾ?" ಮತ್ತೆ ನಗು ಎದ್ದಿತು. "ನೀನು ಮಾಡಿದ ಕೆಲಸಕ್ಕೆ ಒಂದು ಇಟ್ಟಿಗೆ ಸಾಕು, ತಿಳೀತಾ?"

ಪಕ್ಕದಲ್ಲಿದ್ದ ಲಟ್ರೀಸ್ ಹಲ್ಲು ಕಡಿದಳು. "ಇವ್ನ ಮಕಕ್ಕೆ ನನ್ ಎಕ್ಡ ಒಡಿಯ! ಅಕ್ಕ, ಬುಟ್ಬುಡು, ಕೂತ್ಕ."

ವರ್ನೀಸ್ ಕೂತಳು.

ಬಡವರ ಔಷಧಿ, ಆಸ್ಪತ್ರೆಗೆಂದು ಸರ್ಕಾರ ಕೊಡುವ ಮೆಡಿಕೇಡ್ ಹಣ ಶಾಲೆಗೂ ಬರುತ್ತಿತ್ತು. ಕೈಕಾಲು ಸ್ವಾಧೀನವಿಲ್ಲದ ಮಗುವಿಗೆ ಉಣ್ಣಿಸಿದ್ದು, ತೊಳೆದದ್ದು, ಎತ್ತಿ ಕೂರಿಸಿದ್ದು, ಎಲ್ಲಕ್ಕೂ ಬರುತ್ತಿತ್ತು, ಆ ಮಗುವಿಗೆಂದು ಶಾಲೆ ಮಾಡಿಟ್ಟ ಆರೈಕೆಯ ಯೋಜನೆಯಲ್ಲಿ ಬರೆದಿದ್ದರೆ. ಅದಕ್ಕೆಂದೇ ಆಗೊಮ್ಮೆ ಈಗೊಮ್ಮೆ ಆಯಾಗಳ ಫೋನಿಗೆ ಒಂದು ಪ್ರಶ್ನೆ ಬಂದು ಬೀಳುತ್ತಿತ್ತು: ಈ ನಿಮಿಷ ಏನು ಮಾಡುತ್ತಿದ್ದಿರಿ, ಯಾರೊಂದಿಗೆ, ಯಾತಕ್ಕೆ? ಬಂದ ಉತ್ತರಗಳನ್ನೆಲ್ಲ ಹೋಲ್ಕಂಬನ ಕಂಪನಿ ಜರಡಿ ಹಿಡಿದು, ಸರ್ಕಾರದ ಹತ್ತಿರ ಎಷ್ಟು ಕೇಳಬಹುದೆಂದು ಲೆಕ್ಕ ಕಟ್ಟಿಕೊಡುತ್ತಿತ್ತು. ತನ್ನ ಪಾಲು ಮೊದಲು ಮುರಿದುಕೊಳ್ಳುತ್ತಿತ್ತು. ಉಚ್ಚೆ ಬಳಿಯುವವರು ಇವರು, ಬೆಣ್ಣೆ ಬಳಿದುಕೊಳ್ಳುವವರು ಅವರು.

ಲಟ್ರೀಸ್ ಡೈಪರ್ ಬದಲಾಯಿಸುತ್ತಿದ್ದ ಆ ಮಗು ಜರಿಯಾ. ಅವಳಿಗೆ ಮೊದಲು ಒಂದು ಕೋಣೆಯೇ ಇತ್ತು. ಹನ್ನೊಂದು ವರ್ಷದ ಹುಡುಗಿ. ಮಾತಿಲ್ಲ, ಕಾಲು ಇದ್ದೂ ಇಲ್ಲದಂತೆ, ಎಡಗೈ ಒಂದೇ ಹೇಳಿದ ಮಾತು ಕೇಳುತ್ತಿತ್ತು. ಅವಳ ಅಮ್ಮ ಮೀನಿನ ಕಾರ್ಖಾನೆಯಲ್ಲಿ ಕ್ಯಾಟ್‌ಫಿಷ್ ಸೀಳುವವಳು. ಬೆಳಕು ಹರಿಯುವ ಮೊದಲೇ ಮಗಳನ್ನು ಬಸ್ಸಿಗೆ ಹತ್ತಿಸಿ ಹೋಗುತ್ತಿದ್ದಳು. ನರ್ಸಮ್ಮನ ಕೋಣೆಗೆ ಅಂಟಿಕೊಂಡ ಆ ಸಣ್ಣ ಕೋಣೆಯಲ್ಲಿ ಎತ್ತರದ ಮೇಜು, ಪರದೆ, ಬಿಸಿನೀರಿನ ನಲ್ಲಿ, ಒಳಗಿನಿಂದ ಹಾಕಿಕೊಳ್ಳುವ ಚಿಲಕ ಎಲ್ಲ ಇದ್ದವು. ಹೋಲ್ಕಂಬ್ ಒಂದು ನಿಯಮ ಹಿಡಿದುಕೊಂಡು ಬಂದ. ಮಕ್ಕಳ ಕಾಗದಪತ್ರಗಳ ಗುಟ್ಟು ಹೊರಗೆ ಬೀಳಕೂಡದು, ಭದ್ರವಾದ ಬಾಗಿಲ ಹಿಂದೆ ಇಡಬೇಕು. ಇಡೀ ಶಾಲೆಯಲ್ಲಿ ಬೀಗ, ಚಿಲಕ ನೆಟ್ಟಗಿದ್ದ ಖಾಲಿ ಕೋಣೆ ಅದೊಂದೇ. ಖಾಲಿ ಅಂದರೆ, ಜರಿಯಾ ಮಲಗಿಲ್ಲದ ಹೊತ್ತಿನಲ್ಲಿ ಖಾಲಿ. ಕಾಗದ ಒಳಗೆ ಹೋಯಿತು, ಹುಡುಗಿ ಹೊರಗೆ ಬಂದಳು.

ಅವಳಿಗೆ ಸಿಕ್ಕಿದ್ದು ಚೆಂಡುಗಳ ಉಗ್ರಾಣ. ನೆಲಕ್ಕೆ ಕುಸ್ತಿಯ ಹಾಸು, ಗೋಡೆಗುಂಟ ಬ್ಯಾಸ್ಕೆಟ್‌ಬಾಲುಗಳು. ಬಾಗಿಲಿಗೆ ಚಿಲಕವಿಲ್ಲ. ಹಾಕಿಸಿಕೊಡಿ ಅಂದರೆ ಉಗ್ರಾಣಕ್ಕೆ ಒಳಚಿಲಕ ಹಾಕಕೂಡದು, ಬೆಂಕಿ ಬಿದ್ದರೆ ಕಷ್ಟ ಅಂದರು. ಅದಕ್ಕೂ ಒಂದು ನಿಯಮ.

ಸರಿ, ವರ್ನೀಸ್ ಬಾಗಿಲಿಗೆ ನಿಂತಳು. ನಿಲ್ಲುವುದು ಅವಳಿಗೆ ಹೊಸದೇನಲ್ಲ. ಭಾನುವಾರ ಚರ್ಚಿನಲ್ಲಿ ಅವಳದು ಬಾಗಿಲ ಸೇವೆ, ಅವಳಜ್ಜಿಯ ಕಾಲದಿಂದ ಬಂದದ್ದು. ಬಿಳಿ ಉಡುಪು, ಬಿಳಿ ಕೈಗವಸು, ಎಡಗೈ ಬೆನ್ನ ಹಿಂದೆ. ಒಳಗೆ ಪ್ರಾರ್ಥನೆ ನಡೆಯುವಾಗ ಅವಳು ಬಲಗೈ ಅಂಗೈ ಚಾಚಿದಳೆಂದರೆ ಪಾದ್ರಿಯ ಹೆಂಡತಿಯಾದರೂ ಹೊರಗೇ ನಿಲ್ಲಬೇಕು. ಗೇನ್ಸ್ ಸಾಹೇಬನೂ ಅದೇ ಚರ್ಚಿನ ಹಿರಿಯ. ತಡವಾಗಿ ಬಂದು, ಟೋಪಿ ಕೈಯಲ್ಲಿ ಹಿಡಿದು, ಇವಳ ಅಂಗೈ ಯಾವಾಗ ಇಳಿಯುತ್ತದೋ ಎಂದು ಎಷ್ಟೋ ಭಾನುವಾರ ಕಾದವನು. ಅಲ್ಲಿ 'ಸಿಸ್ಟರ್ ವರ್ನೀಸ್'. ಸೋಮವಾರ ಬೆಳಗಾದರೆ 'ಏ ವರ್ನೀಸ್'.

ತರಬೇತಿ ಮುಗಿದ ಮರುದಿನವೇ ಅಪ್ಪಣೆಯಾಯಿತು. ಡೈಪರ್ ಬದಲಾಯಿಸಲು ಒಬ್ಬಳೇ ಸಾಕು, ಯೋಜನೆಯಲ್ಲಿರುವುದೂ ಒಬ್ಬಳೇ. ಆ ಹೊತ್ತಿನಲ್ಲಿ ವರ್ನೀಸ್ ಊಟದ ಮನೆಯಲ್ಲಿ ತಟ್ಟೆ ಎತ್ತಲಿ.

ವರ್ನೀಸ್ ತಟ್ಟೆ ಎತ್ತುತ್ತಿದ್ದಾಗಲೇ ಆ ಗದ್ದಲ ಕೇಳಿಸಿತು. ಹೋಗಿ ನೋಡಿದರೆ ಉಗ್ರಾಣದ ಬಾಗಿಲು ಹಾರುಹೊಡೆದಿದೆ. ಆಟಕ್ಕೆ ಬಿಟ್ಟ ಐದನೇ ಕ್ಲಾಸಿನ ಹುಡುಗರು ಚೆಂಡು ತರಲು ಬಂದವರು, ತಂಡವಾಗಿ ನಿಂತು ಕಿಸಿಕಿಸಿ ನಗುತ್ತಿದ್ದಾರೆ. ಒಬ್ಬ ಮೂಗು ಮುಚ್ಚಿಕೊಂಡಿದ್ದಾನೆ. ಲಟ್ರೀಸ್ ಒಂದು ಕೈಯಲ್ಲಿ ಹುಡುಗಿಯ ಕಾಲು ಹಿಡಿದು, ಇನ್ನೊಂದರಲ್ಲಿ ಟವೆಲ್ ಎಳೆಯಲು ಹೆಣಗುತ್ತ ಬೊಬ್ಬೆ ಹೊಡೆಯುತ್ತಿದ್ದಾಳೆ.

"ಓಗ್ರೋ ಆಚ್ಗೆ! ನಿಮ್ ಅಕ್ತಂಗೀರಿಲ್ವೇನ್ರೋ, ಬಡ್ಡೀಮಕ್ಳ!"

ಜರಿಯಾ ಎಡಗೈಯಿಂದ ಅಂಗಿಯನ್ನು ಮುಖದ ಮೇಲೆ ಎಳೆದುಕೊಂಡಿದ್ದಳು. ಅದರೊಳಗಿನಿಂದ ಒಂದು ಸದ್ದು ಬರುತ್ತಿತ್ತು. ಅದು ಅಳುವೂ ಅಲ್ಲ.

ಆ ಸಂಜೆಯಿಂದ ಹುಡುಗಿ ನೀರು ಬಿಟ್ಟಳು. ಲೋಟ ತುಟಿಗೆ ತಂದರೆ ಹಲ್ಲು ಬಿಗಿ. ಹಣ್ಣಿನ ರಸ ಕೊಟ್ಟರೂ ಅಷ್ಟೇ, ಚಮಚದಲ್ಲಿ ಕೊಟ್ಟರೂ ಅಷ್ಟೇ. ಯಾಕೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ತಿಳಿದದ್ದು ವರ್ನೀಸಳಿಗೆ. ಕುಡಿದರೆ ತಾನೇ ಉಚ್ಚೆ, ಉಚ್ಚೆಯಾದರೆ ತಾನೇ ಉಗ್ರಾಣ. ಮಾತು ಬಾರದ ಕೂಸು ತನ್ನ ದಾರಿ ತಾನೇ ಹುಡುಕಿಕೊಂಡಿತ್ತು. ವಾರ ಕಳೆಯುವುದರೊಳಗೆ ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದರು. ಮತ್ತೊಂದು ಸಲ ಹೀಗಾದರೆ ಕಿಡ್ನಿ ಉಳಿಯುವುದಿಲ್ಲ ಎಂದು ಡಾಕ್ಟರು ಅವಳಮ್ಮನಿಗೆ ಬೈದು ಕಳಿಸಿದರು. ಹೇಗಿದೆ ನೋಡಿ, ಬೈಗುಳ ಕೂಡ ಮೀನು ಸೀಳುವವಳ ಪಾಲಿಗೇ ಬಂತು.

ಹುಡುಗಿ ಮರಳಿ ಬರುವ ಮುಂಚೆ ವರ್ನೀಸ್ ಗೇನ್ಸನ ಆಫೀಸಿಗೆ ಹೋದಳು. ಅವನು ಕೂತೇ ಇದ್ದ, ಇವಳಿಗೆ ಕೂರು ಅನ್ನಲಿಲ್ಲ.

"ಆ ಕ್ವಾಣೆ ಮಗೀಗೆ ವಾಪಸ್ ಕೊಡಿ ಸಾರ್. ಇಲ್ವಾ, ನನ್ನ ಬಾಗ್ಲಿಗೆ ಬುಡಿ. ಎರಡ್ರಲ್ಲಿ ಒಂದು ಮಾಡಿ."

"ಆ ಕೋಣೇಲಿ ಮಕ್ಕಳ ಗೌಪ್ಯ ದಾಖಲೆ ಇದೆ, ವರ್ನೀಸ್. ಹೊರಗೆ ಬಿದ್ರೆ ಮರ್ಯಾದೆ ಪ್ರಶ್ನೆ."

"ಯಾರ್ ಮರ್ವಾದೆ ಸಾರ್? ಆ ಮಗು ಎಷ್ಟ್ ದಪ ಉಚ್ಚೆ ಉಯ್ತು ಅಂತ ಬರ್ದಿರೋ ಕಾಗ್ದ ಒಳ್ಗೆ ಬೀಗ್ದಲ್ಲಿ ಅದೆ. ಉಚ್ಚೆ ಉಯ್ದ ಮಗು ತಿಕ ಬುಟ್ಕಂಡು ಬೀದೀಲ್ ಬಿದ್ದದೆ."

ಗೇನ್ಸ್ ಕನ್ನಡಕ ತೆಗೆದು ಒರೆಸಿದ. "ಬಾಯಿ ಹಿಡಿತದಲ್ಲಿರಲಿ. ನೋಡು, ಈ ಹಣ ಬಂದ್ರೆ ತಾನೇ ನಿನ್ನ ಸಂಬಳ? ಅನ್ನ ಹಾಕೋ ಕೈ ಕಚ್ಚಬಾರದು. ನಿನ್ನ ಜಾಗಕ್ಕೆ ಬರೋಕೆ ಊರಲ್ಲಿ ಎಷ್ಟು ಜನ ಕಾದಿದ್ದಾರೆ ಗೊತ್ತಾ? ನಿನ್ನ ಕೆಲಸ ಏನು ಅನ್ನೋದು ನೆನಪಿರಲಿ."

"ನೆಪ್ಪದೆ ಸಾರ್," ಅಂದಳು ವರ್ನೀಸ್. ಹೊರಗೆ ಬಂದವಳು ಮೆಟ್ಟಿಲ ಪಕ್ಕ ಥೂ ಎಂದು ಉಗಿದಳು. ಅನ್ನ ಹಾಕುವ ಕೈಯಂತೆ! ಹತ್ತಿ ಹೊಲದಲ್ಲಿ ಅವನಜ್ಜಿ ಇವಳಜ್ಜಿ ಒಂದೇ ಸಾಲಿನಲ್ಲಿ ಬೆನ್ನು ಬಗ್ಗಿಸಿದವರು. ಮೊಮ್ಮಗ ಟೈ ಕಟ್ಟಿದ್ದೇ ತಡ, ಬೆನ್ನಿನ ನೆನಪೇ ಹೋಯಿತು.

ಶುಕ್ರವಾರ ಸರ್ಕಾರದಿಂದ ದೊಡ್ಡ ಹಣ ಬಂತು. ಹೋಲ್ಕಂಬನ ಕೋಣೆಯಲ್ಲಿ, ಅಂದರೆ ಜರಿಯಾಳ ಹಳೆಯ ಕೋಣೆಯಲ್ಲಿ, ಸಂಭ್ರಮ. ಕ್ಯಾರಮೆಲ್ ಕೇಕು, ಕರಿದ ಮೀನು, ಹೆಡ್ ಮಾಸ್ಟರು, ಗೇನ್ಸು, ಕಂಪನಿಯ ಇನ್ನಿಬ್ಬರು. ಕೇಕು ಇಟ್ಟಿದ್ದು ಜರಿಯಾಳ ಎತ್ತರದ ಮೇಜಿನ ಮೇಲೆ. ಹೋಲ್ಕಂಬ್ ಅದಕ್ಕೊಂದು ಬಟ್ಟೆ ಹಾಸಿ ಕಾಗದ ಪೇರಿಸಿಕೊಂಡಿದ್ದ, ಇವತ್ತು ಕಾಗದ ಸರಿಸಿ ಕೇಕಿಗೆ ಜಾಗ ಮಾಡಿದ್ದ.

ಅದೇ ದಿನ ಜರಿಯಾ ಶಾಲೆಗೆ ಬಂದಿದ್ದಳು. ತುಟಿ ಒಡೆದಿತ್ತು. ಬೆಳಗಿನಿಂದ ತೊಟ್ಟು ನೀರು ಮುಟ್ಟಿರಲಿಲ್ಲ. ಲಟ್ರೀಸ್ ಅವಳ ಗಾಲಿಕುರ್ಚಿಯನ್ನು ಉಗ್ರಾಣದ ಕಡೆ ತಿರುಗಿಸಿದ್ದೇ ತಡ, ಎಡಗೈ ಅಂಗಿಯ ಅಂಚು ಹಿಡಿಯಿತು.

ಊಟದ ಮನೆಯ ಬಾಗಿಲಲ್ಲಿ ನಿಂತಿದ್ದ ವರ್ನೀಸ್ ಅದನ್ನು ಕಂಡಳು. ತಟ್ಟೆಗಳನ್ನು ದಡಾರನೆ ತೊಟ್ಟಿಗೆ ಹಾಕಿ ಕೈ ಒರೆಸಿಕೊಂಡು ಬಂದಳು.

"ತಿರುಗ್ಸು ಕುರ್ಚಿಯ."

"ಎಲ್ಲಿಗಕ್ಕ?"

"ಅವ್ಳ್ ಕ್ವಾಣೆಗೆ."

"ಅಕ್ಕ, ಅಲ್ಲಿ ಸಾಯೇಬ್ರೆಲ್ಲ ಅವ್ರೆ, ಕೇಕ್ ಕುಯ್ತಾವ್ರೆ..."

"ಇರ್ಲಿ ಬುಡು, ಕುಯ್ಕಳ್ಳಿ. ನೀ ತಳ್ಳು."

ಬಾಗಿಲು ತೆರೆದಾಗ ಹೋಲ್ಕಂಬನ ಬಾಯಿ ತುಂಬ ಕೇಕಿತ್ತು. ವರ್ನೀಸ್ ಕೂಗಾಡಲಿಲ್ಲ. ಭಾನುವಾರದಂತೆ ನೆಟ್ಟಗೆ ನಿಂತಳು, ಎಡಗೈ ಬೆನ್ನ ಹಿಂದೆ ಕಟ್ಟಿದಳು, ಬಲಗೈಯಲ್ಲಿ ಬಾಗಿಲಿನತ್ತ ದಾರಿ ತೋರಿಸಿದಳು.

"ಏಳಿ. ಆಚ್ಗೆ ನಡೀರಿ. ಮಗೀಗೆ ಬಟ್ಟೆ ಬದ್ಲಾಯಿಸ್ಬೇಕು."

ಆ ಕೈ ಕಂಡದ್ದೇ ಮೊದಲು ಎದ್ದವನು ಗೇನ್ಸ್. ತಾನೇಕೆ ಎದ್ದೆನೆಂದು ಅವನಿಗೇ ತಿಳಿದಿರಲಿಕ್ಕಿಲ್ಲ. ವರ್ಷಗಟ್ಟಲೆ ಭಾನುವಾರಗಳ ರೂಢಿ, ಕಾಲು ತಾವಾಗಿಯೇ ನಡೆದವು. ಅವನ ಹಿಂದೆ ಹೆಡ್ ಮಾಸ್ಟರು, ಅವರ ಹಿಂದೆ ಕಂಪನಿಯವರು, ಕೈಯಲ್ಲಿ ಮೀನಿನ ತಟ್ಟೆ ಹಿಡಿದುಕೊಂಡೇ ಓಣಿಗೆ ಬಂದರು. ಕೊನೆಗೆ ಹೋಲ್ಕಂಬ್. ಲಟ್ರೀಸ್ ಕುರ್ಚಿ ಒಳಗೆ ತಳ್ಳಿದಳು. ವರ್ನೀಸ್ ಬಾಗಿಲು ಎಳೆದುಕೊಂಡು ಹೊರಗೆ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಒಳಗೆ ಚಿಲಕ ಬಿತ್ತು.

"ಅಕ್ಕ," ಒಳಗಿನಿಂದ ಲಟ್ರೀಸ್ ಕೂಗಿದಳು, "ಮೇಜ್ ಮೇಲೆ ಕೇಕ್ ಅದಲ್ಲ, ಎಲ್ಲಿಕ್ಲಿ?"

"ಡೈಪರ್ ಯಾವ್ ಬುಟ್ಟಿಗಾಕೀಯೋ ಅದ್ಕೇ ಆಕು."

ಧೊಪ್ಪೆಂದು ಏನೋ ಬಿದ್ದ ಸದ್ದಾಯಿತು. ಹೋಲ್ಕಂಬನ ಮುಖ ಕೆಂಪಾಯಿತು. ಆಗಲೇ ಅವನಿಗೆ ನೆನಪಾದದ್ದು. "ನನ್ನ ದಾಖಲೆ! ಒಳಗೆ ಗೌಪ್ಯ ದಾಖಲೆ ಇದೆ! ಸರಿ ಪಕ್ಕಕ್ಕೆ! ಏನು ಮಾಡ್ತಾ ಇದ್ದೀಯ ನೀನು?"

"ಬಾಗ್ಲು ಇಡ್ಕಂಡಿವ್ನಿ," ಅಂದಳು ವರ್ನೀಸ್. "ಬರ್ಕೊ. ಓದ್ವಾಗ ಒಸಿ ಜೋರಾಗ್ ಓದು."

"ಈಕೆಗೆ ತಲೆ ಕೆಟ್ಟಿದೆ! ಗೇನ್ಸ್, ಎಳೆದು ಹಾಕ್ಸಿ!"

"ಇಟ್ಗೆ ಅಂದ್ಯಲ್ಲೋ, ಬಡ್ಡೀಮಗ್ನೆ. ಬಾ, ಎತ್ತಾಕು ನೋಡನ."

ಹೋಲ್ಕಂಬ್ ಒಂದು ಹೆಜ್ಜೆ ಮುಂದಿಟ್ಟ. ವರ್ನೀಸಳ ಬಲಗೈ ಮೇಲೆದ್ದು ಅಂಗೈ ಅವನ ಎದೆಯ ಮುಂದೆ ನಿಂತಿತು. ಹೋಲ್ಕಂಬ್ ಮುಟ್ಟಲೋ ಬೇಡವೋ ಎಂದು ನಿಂತ. ಊಟದ ಮನೆಯಿಂದ ಅಡುಗೆಯ ಹೆಂಗಸರು ಹೊರಬಂದು ಗೋಡೆಗೆ ಒರಗಿ ನೋಡುತ್ತಿದ್ದರು. ಅವರಲ್ಲಿ ಅರ್ಧ ಜನ ಅದೇ ಚರ್ಚಿನವರು.

ಗೇನ್ಸ್ ಹತ್ತಿರ ಬಂದು ದನಿ ತಗ್ಗಿಸಿದ. "ಸಿಸ್ಟರ್ ವರ್ನೀಸ್. ಸಾಕು. ಪೊಲೀಸಿಗೆ ಹೇಳಿ ಕಳಿಸಿದ್ದಾರೆ. ಕೆಲಸ ಹೋಗುತ್ತೆ, ಕೈಗೆ ಬೇಡಿ ಬೀಳುತ್ತೆ. ಮರ್ಯಾದೆಯಾಗಿ ಸರಿ."

"ಇವತ್ತು ಭಾನ್ವಾರ ಅಲ್ವಲ್ಲ ಸಾರ್," ಅಂದಳು ಅವಳು. "ಸಿಸ್ಟರ್ ಯಾಕಂದ್ರಿ?"

ಅವನು ಅತ್ತ ಇತ್ತ ನೋಡಿದ. ಅಡುಗೆಯ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು.

ಓಣಿಯ ಆ ತುದಿಯಲ್ಲಿ ಶಾಲೆಯ ಪೊಲೀಸಿನವನು ಕಾಣಿಸಿಕೊಂಡ. ಸೊಂಟದ ಬೀಗದ ಕೈ ಗೊಂಚಲು ಝಣಝಣ ಅನ್ನುತ್ತ ಹತ್ತಿರವಾಗುತ್ತಿತ್ತು. ವರ್ನೀಸ್ ಬಾಗಿಲಿಗೆ ಬೆನ್ನು ಇನ್ನಷ್ಟು ಒತ್ತಿ ನಿಂತಳು. ಚಾಚಿದ ಕೈ ಇಳಿಯಲಿಲ್ಲ.

ಬೆನ್ನ ಹಿಂದೆ, ಬಾಗಿಲಿನಾಚೆ, ನಲ್ಲಿ ತಿರುಗಿಸಿದ ಸದ್ದಾಯಿತು. ನೀರು ಬಹಳ ಹೊತ್ತು ಸುರಿಯಿತು, ನಿಂತಿತು. ಆಮೇಲೆ ಲಟ್ರೀಸಳ ದನಿ, ಅರ್ಧ ಅಳು:

"ಅಕ್ಕಾ! ಕುಡೀತಾವ್ಳೆ! ಲೋಟ ಅವ್ಳೇ ಇಡ್ಕಂಡವ್ಳೆ ಅಕ್ಕಾ!"

"ಆತ್ರ ಮಾಡ್ಬ್ಯಾಡ," ತಿರುಗಿ ನೋಡದೆ ಅಂದಳು ವರ್ನೀಸ್. "ಇನ್ನೊಂದ್ ಲೋಟ ಕೊಡು."

ಪೊಲೀಸಿನವನು ಬಂದು ಎದುರು ನಿಂತ.