ಎಷ್ಟು ತೂಕದ ಗುಂಡು

ರಾಯ್ಸ್ಟನ್‌ಗೆ ಬಂದೂಕಿನ ಹುಚ್ಚು ಇದೆಯೆಂದು ಅಮೆರಿಕದ ಬೆಲ್ವ್ಯೂ ಊರಿನ ಅವನ ಸಾಫ್ಟ್‌ವೇರ್ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಊರಿನಲ್ಲಿ, ಕಿನ್ನಿಗೋಳಿಯ ಮನೆಯಲ್ಲಿ, ಕಾಡುಹಂದಿ ಓಡಿಸಲು ಅಪ್ಪನ ಹತ್ತಿರ ಲೈಸೆನ್ಸಿನ ಕೋವಿಯೊಂದಿತ್ತು. ಮಗನನ್ನು ಅದರ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಅವನು ಆ ಆಸೆ ತೀರಿಸಿಕೊಂಡ. ಶನಿವಾರ ಬಂತೆಂದರೆ ಹತ್ತಿರದ ಟಕ್ವಿಲಾದಲ್ಲಿ ಗುರಿ ಹೊಡೆದು ಕಲಿಯುವ ಶೂಟಿಂಗ್ ರೇಂಜಿಗೆ ಹೊರಡುತ್ತಿದ್ದ. ಜೊತೆಗೆ ಆಫೀಸಿನಲ್ಲಿ ಅವನದೇ ಟೀಮಿನ ಡೇಲ್. ಪಿಸ್ತೂಲು ಹಿಡಿಯುವುದನ್ನು ಅವನಿಗೆ ಕಲಿಸಿದವನೇ ಡೇಲ್.

2017ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹಫ್ಸಾ ಅವನ ಮೇಜಿನ ಹತ್ತಿರ ಬಂದಳು. ಮೈಸೂರಿನವಳು, ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದಳು.

"ಒಂದು ಚಿಕ್ಕ ಪಿಸ್ತೂಲು ತಗೋಬೇಕು ಅಂತಿದೀನಿ, ನೈನ್ ಎಂಎಂ. ಬ್ಯಾಗಲ್ಲಿ ಇಟ್ಕೊಳ್ಳೋಕೆ. ಪರ್ಮಿಟ್‌ಗೂ ಅಪ್ಲೈ ಮಾಡಿದೀನಿ. ಗುಂಡಿನ ತೂಕದ್ದೇ ತಲೆಗೆ ಹೋಗ್ತಿಲ್ಲ. ಒಬ್ಬರು ನೂರ ಹದಿನೈದು ಗ್ರೇನ್ ಅಂತಾರೆ, ಇನ್ನೊಬ್ಬರು ನೂರ ನಲವತ್ತೇಳು ಅಂತಾರೆ."

ಇಷ್ಟು ವರ್ಷದಲ್ಲಿ ಕನ್ನಡದಲ್ಲಿ ಅವನನ್ನು ಯಾರೂ ಇದನ್ನು ಕೇಳಿರಲಿಲ್ಲ. ಅವನ ಮುಖ ಅರಳಿತು.

"ಇಂಟರ್‌ನೆಟ್ಟಿನವರ ಮಾತು ಬಿಡಿ ಮಾರಾಯ್ರೇ. ಹಗುರದ್ದಕ್ಕೆ ವೇಗ ಜಾಸ್ತಿ, ಆದ್ರೆ ಸಣ್ಣ ಪಿಸ್ತೂಲಲ್ಲಿ ಕೈಗೆ ಫಟ್ಟಂತ ಒದೀತದೆ. ಭಾರದ್ದು ನಿಧಾನ, ಒದೆಯೋದಿಲ್ಲ, ತಳ್ತದೆ. ನಿಮ್ಮ ಕೈಗೆ ಯಾವುದು ಹಿಡಿಸ್ತದೆ, ಪಿಸ್ತೂಲು ಯಾವುದನ್ನು ಒಳಗೆ ಸಿಕ್ಕಿಸಿಕೊಳ್ಳದೆ ಹೊಡೀತದೆ, ಅದೇ ಸರಿ. ಶನಿವಾರ ಬನ್ನಿ, ತೋರಿಸ್ತೇನೆ."

"ಡೇಲ್ ಇರ್ತಾರಾ?"

"ಇಲ್ಲ, ಈ ವಾರ ಅವನು ಮೀನು ಹಿಡೀಲಿಕ್ಕೆ ಹೋಗ್ತಾನೆ."

"ಹಾಗಾದ್ರೆ ಬರ್ತೀನಿ."

ಪಿಸ್ತೂಲು ಯಾಕೆ ಬೇಕು ಎಂದು ಮಾತ್ರ ಅವನು ಕೇಳಲಿಲ್ಲ.

ಶನಿವಾರ ರೇಂಜಿನಲ್ಲಿ ಬಾಡಿಗೆಗೆ ಒಂದು ಪಿಸ್ತೂಲು ಪಡೆದು, ಬೇರೆಬೇರೆ ತೂಕದ ಗುಂಡಿನ ಡಬ್ಬಿಗಳನ್ನು ಮುಂದಿಟ್ಟ. ಹಗುರದ ಗುಂಡಿಗೆ ಹಫ್ಸಾಳ ಕೈ ಮೇಲೆ ಹಾರಿತು. ಗುರಿಗೆಂದು ತೂಗುಹಾಕಿದ ಮನುಷ್ಯಾಕೃತಿಯ ಕಾಗದದಲ್ಲಿ ತೂತುಗಳು ಚೆಲ್ಲಾಪಿಲ್ಲಿ. ಭಾರದ್ದು, ನೂರ ನಲವತ್ತೇಳು ಗ್ರೇನಿನದು, ಹಾಕಿದಾಗ ಅವಳ ಭುಜ ಸಡಿಲವಾಯಿತು, ಗುಂಡುಗಳೆಲ್ಲ ಎದೆಯ ಗುರುತಿನ ಸುತ್ತಲೇ ಬಿದ್ದವು. ರಾಯ್ಸ್ಟನ್ ಚಪ್ಪಾಳೆ ತಟ್ಟಿದ.

ಗಾಜಿನ ಹಿಂದಿನ ಕೋಣೆಗೆ ಬಂದು ಇಬ್ಬರೂ ಸದ್ದು ತಡೆಯಲು ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದರು. ಹಫ್ಸಾ ಗುರಿಯ ಕಾಗದವನ್ನೇ ನೋಡುತ್ತಿದ್ದಳು.

"ಇದು ಒಬ್ಬ ಮನುಷ್ಯನ್ನ ನಿಲ್ಲಿಸುತ್ತಾ?"

"ಎಷ್ಟು ದೊಡ್ಡ ಮನುಷ್ಯ?" ಅವನು ನಗುತ್ತಲೇ ಕೇಳಿದ.

"ಡೇಲ್ ಅಷ್ಟು."

ಅವನು ಕೈಯಲ್ಲಿದ್ದ ಗುಂಡಿನ ಡಬ್ಬಿಯನ್ನು ಮೇಜಿನ ಮೇಲಿಟ್ಟ.

"ಮಾರ್ಚ್‌ನಲ್ಲೇ ನಿಮಗೆ ಹೇಳಿದ್ದೆ," ಎಂದಳು ಹಫ್ಸಾ. ದನಿ ಏರಿರಲಿಲ್ಲ. "ಡೇಲ್ ಪಾರ್ಕಿಂಗಲ್ಲಿ ನನ್ನ ಕಾರಿಗೆ ಒರಗಿಕೊಂಡು ನಿಂತಿರ್ತಾರೆ, ತಲೆ ಮೇಲಿನ ಸ್ಕಾರ್ಫ್ ತೆಗೆದು ತೋರ್ಸು ಅಂತಾರೆ ಅಂತ. ನೀವು, ಅವನಿಗೆ ತಮಾಷೆ ಜಾಸ್ತಿ, ಒಳ್ಳೆಯವನು ಅಂದ್ರಿ. ಹೋದ ತಿಂಗಳು ಅವರು ಸ್ಕಾರ್ಫಿಗೆ ಕೈ ಹಾಕಿದ್ರು. ನಮ್ಮನೆಯವರಿಗೆ ಹೇಳಿದ್ರೆ ಕೆಲಸ ಬಿಡು ಅಂತಾರೆ. ನಾನ್ಯಾಕೆ ಬಿಡ್ಲಿ?"

ಅವಳು ಆ ಮಾತು ಹೇಳಿದ್ದು ರಾಯ್ಸ್ಟನ್‌ಗೆ ಚೆನ್ನಾಗಿ ನೆನಪಿತ್ತು. ಅವಳಿಗೆ ಗೊತ್ತಿಲ್ಲದ ಇನ್ನೊಂದೂ ನೆನಪಿತ್ತು. ಇದೇ ರೇಂಜಿನಲ್ಲಿ ಡೇಲ್ ಆ ಸ್ಕಾರ್ಫಿನ ಬಗ್ಗೆ ಹೊಲಸು ಜೋಕೊಂದು ಹೇಳಿದ್ದ. ಇವನು ನಕ್ಕಿದ್ದ.

ಮನೆಗೆ ಬಂದು ಹೆಂಡತಿ ಶರೋನ್‌ಗೆ ಎಲ್ಲವನ್ನೂ ಹೇಳಿದ, ನಕ್ಕದ್ದನ್ನೂ. ಅವಳು ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟಳು.

"ಅಷ್ಟು ಹೊತ್ತು ಅವಳ ಹತ್ತಿರ ಗುಂಡಿನ ಬಗ್ಗೆ ಮಾತಾಡಿದಿ. ಯಾರಿಗೆ ಹೆದರ್ತಿ ಅಂತ ಕೇಳ್ಲಿಕ್ಕೆ ಬಾಯಿ ಬರ್ಲಿಲ್ವಾ?"

ಭಾನುವಾರ ಚರ್ಚಿನಲ್ಲಿ ಮಂಡಿಯೂರಿ ಕೂತಾಗಲೂ ಅವನ ಕಣ್ಣ ಮುಂದೆ ಇದ್ದದ್ದು ತೂತು ಬಿದ್ದ ಆ ಕಾಗದ, ಕಿವಿಯಲ್ಲಿ ತನ್ನದೇ ಚಪ್ಪಾಳೆ.

ಸೋಮವಾರ ಹಫ್ಸಾಳನ್ನು ಕೇಳಿಕೊಂಡು ಅವಳ ಜೊತೆ ಎಚ್‌ಆರ್‌ಗೆ ಹೋದ. ಅವಳು ನಡೆದದ್ದನ್ನು ಹೇಳಿದಳು. ಮಾರ್ಚ್‌ನಲ್ಲೇ ತನಗೆ ಹೇಳಿದ್ದಳು, ತಾನು ತಳ್ಳಿಹಾಕಿದೆ ಎಂದು ಇವನು ಒಪ್ಪಿಕೊಂಡ. ಡೇಲ್ ಹೇಳಿದ ಜೋಕನ್ನು ಅವಳೆದುರಿಗೇ ಹೇಳಬೇಕಾಯಿತು. ಹೇಳಿ, "ಕೇಳಿ ನಾನೂ ನಕ್ಕೆ," ಅಂದ. ಹಫ್ಸಾ ತಿರುಗಿ ಅವನನ್ನು ನೋಡಿದಳು. ಆ ನೋಟ ಎದುರಿಸಲಾಗದೆ ಅವನು ತಲೆ ತಗ್ಗಿಸಿದ.

ವಿಚಾರಣೆ ನಡೆಯಿತು. ಪಾರ್ಕಿಂಗಿನ ಕ್ಯಾಮೆರಾದಲ್ಲಿ ಡೇಲ್ ಸಿಕ್ಕಿಬಿದ್ದ, ಕೆಲಸ ಹೋಯಿತು. ಎಲ್ಲ ನಿನ್ನಿಂದಲೇ ಆದದ್ದು ಎಂದು ಅವನು ರಾಯ್ಸ್ಟನ್‌ಗೆ ಮೆಸೇಜು ಕಳಿಸಿದ. ಇಷ್ಟು ತಡವಾಗಿ ಆಯಿತಲ್ಲ ಎಂದಷ್ಟೇ ರಾಯ್ಸ್ಟನ್‌ಗೆ ಅನಿಸಿದ್ದು.

ಪರ್ಮಿಟ್ ಬಂದ ಮೇಲೆ ಹಫ್ಸಾ ಒಬ್ಬಳೇ ಹೋಗಿ ಪಿಸ್ತೂಲು ಕೊಂಡಳು. ಡೇಲ್ ಹೋದನೆಂದು ಭಯ ಹೋಗಬೇಕೆಂದೇನಿಲ್ಲವಲ್ಲ. ಒಂದು ಸಂಜೆ ಲಿಫ್ಟಿನ ಮುಂದೆ ರಾಯ್ಸ್ಟನ್ ಹಿಂಜರಿಯುತ್ತ, "ಕಾರಿನ ತನಕ ಬರ್ಲಾ?" ಎಂದು ಕೇಳಿದ.

"ಬೇಡ." ಲಿಫ್ಟಿನೊಳಗೆ ಹೋಗಿ ತಿರುಗಿ ನಿಂತು ಅವಳೇ ಹೇಳಿದಳು: "ನೂರ ನಲವತ್ತೇಳನ್ನೇ ತಗೊಂಡೆ. ಅದೊಂದನ್ನ ಸರಿಯಾಗಿ ಹೇಳಿದ್ರಿ."

ಲಿಫ್ಟಿನ ಬಾಗಿಲು ಮುಚ್ಚಿತು. ಅವನು ಮೆಟ್ಟಿಲಿನ ಕಡೆ ನಡೆದ.